ಕತ್ತೆ ಒಳಗೆ, ಮರಿಯಾ ಹೊರಗೆ

ಡಿಸೆಂಬರ್ ಬಂತೆಂದರೆ ಅಕೋಲ್ಮಾನ್ ಊರಿನ ಒದಿಲಿಯಾಳ ಮನೆಯಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ. ತೊಲೆಯಿಂದ ತೊಲೆಗೆ ಪಿನ್ಯಾತಾಗಳು ನೇತಾಡುತ್ತಿರುತ್ತವೆ. ಮಣ್ಣಿನ ಮಡಕೆಗೆ ಕಾಗದ ಮೆತ್ತಿ, ಏಳು ಕೊಂಬು ಕೂರಿಸಿ, ಬಣ್ಣದ ಝಾಲರಿ ಅಂಟಿಸಿದ ನಕ್ಷತ್ರಗಳು. ಕೊಂಡವರು ಅದರ ಹೊಟ್ಟೆಗೆ ಕಬ್ಬಿನ ತುಂಡು, ಕಿತ್ತಳೆ, ಕಡಲೆಕಾಯಿ ತುಂಬಿ ಹಗ್ಗಕ್ಕೆ ಕಟ್ಟಿ ಎತ್ತುತ್ತಾರೆ, ಮಕ್ಕಳು ಕಣ್ಣು ಕಟ್ಟಿಕೊಂಡು ದೊಣ್ಣೆ ಬೀಸಿ ಒಡೆಯುತ್ತಾರೆ. ಒದಿಲಿಯಾ ಮಾತ್ರ ಮಾರುವುದು ಖಾಲಿ ಹೊಟ್ಟೆಯವನ್ನೇ. ಅವಳ ಮನೆಯೊಳಗೆ ಕಡಲೆಕಾಯಿ ಬರುವಂತಿಲ್ಲ. ಮಗಳು ಮಾಯ್ತೆಗೆ ಅದರ ಪುಡಿ ತಾಕಿದರೂ ಸಾಕು, ತುಟಿ ಬಾತುಕೊಂಡು ಉಸಿರು ಕಟ್ಟುತ್ತದೆ. ಒಮ್ಮೆ ಹಾಗಾಗಿ, ಟ್ಯಾಕ್ಸಿಯಲ್ಲಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದನ್ನು ಒದಿಲಿಯಾ ಯಾರ ಹತ್ತಿರವೂ ಆಡುವುದಿಲ್ಲ. ಅಂದಿನಿಂದ, ಮತ್ತೆ ಹಾಗಾದರೆ ತಕ್ಷಣ ಕೊಡಲೆಂದು ಡಾಕ್ಟರು ಕೊಟ್ಟ ಚುಚ್ಚುಮದ್ದು ಅವಳ ಏಪ್ರನ್ ಜೇಬು ಬಿಟ್ಟು ಕದಲಿಲ್ಲ.

ಈ ಸಲ ಸಿಸ್ಟರುಗಳ ಶಾಲೆಯ ಪೊಸಾದಾ ಹಬ್ಬದಲ್ಲಿ ಮಾಯ್ತೆಯೇ ಮರಿಯಾ. ತುಂಬು ಬಸುರಿ ಮರಿಯಾ ಕತ್ತೆಯ ಮೇಲೆ ಕೂತು, ಜೋಸೆಫನ ಜೊತೆ ಬಾಗಿಲು ತಟ್ಟಿ ತಂಗಲು ಜಾಗ ಬೇಡುವ ಹಬ್ಬ ಅದು. ಹೊರಗಿನವರು ಹಾಡುತ್ತ ಕೇಳಬೇಕು, ಒಳಗಿನವರು ಹಾಡುತ್ತ ಇಲ್ಲವೆನ್ನಬೇಕು, ಕೊನೆಗೆ ಬಾಗಿಲು ತೆರೆಯಬೇಕು. ಮಾಯ್ತೆಯನ್ನು ಆರಿಸಿದ್ದು ಅವಳ ಭಕ್ತಿ ನೋಡಿಯೇನಲ್ಲ. ಇಡೀ ತರಗತಿಯಲ್ಲಿ ಕತ್ತೆಗೆ ಹೆದರದ ಹುಡುಗಿ ಅವಳೊಬ್ಬಳೇ. ಕತ್ತೆಯಾದರೂ ಯಾರದು? ಅವಳ ಸೋದರಮಾವ ಹೆನಾರೋನದು.

ಹಬ್ಬಕ್ಕೆ ವಾರ ಇರುವಾಗ ಮುಖ್ಯಸ್ಥೆ ಮದರ್ ಬೆನಿಗ್ನಾ ಒದಿಲಿಯಾಳನ್ನು ಕರೆಸಿದರು. ಪಕ್ಕದ ಕುರ್ಚಿಯಲ್ಲಿ, ಊರವರು ಗೌರವಕ್ಕೆ ದೋನ್ಯಾ ಎಂದು ಕರೆಯುವ ಲೆಯೊಕಾದಿಯಾ ಆಗಲೇ ತುಂಬಿಕೊಂಡು ಕೂತಿದ್ದಳು. ಪೋಷಕರ ಸಂಘಕ್ಕೆ ಅವಳೇ ಅಧ್ಯಕ್ಷೆ, ಸಂತೆಯಲ್ಲಿ ಕಡಲೆಕಾಯಿ ಮಂಡಿಯ ಒಡತಿಯೂ ಅವಳೇ. ಶಾಲೆಯ ಪಿನ್ಯಾತಾಕ್ಕೆ ವರ್ಷವರ್ಷ ಮೂಟೆ ಕೊಡುವವಳು.

"ನೋಡಮ್ಮ ಒದಿಲಿಯಾ, ಮಗು ಒಳ್ಳೇದಕ್ಕೇ ಹೇಳ್ತಿದೀನಿ," ಎಂದರು ಮದರ್. "ಬೀದೀಲಿ ಕತ್ತೆ ಮೇಲೆ ಬರ್ಲಿ, ಬಾಗ್ಲಲ್ಲಿ ನಿಂತು ಹಾಡ್ಲಿ. ಬಾಗ್ಲು ತೆಗೆದ್ಮೇಲೆ ನೀನು ಮನೆಗೆ ಕರ್ಕೊಂಡು ಹೋಗ್ಬಿಡು."

"ಒಂದು ವರ್ಷ ಕಡಲೆಕಾಯಿ ಬಿಡಿ ಮದರ್. ಕಬ್ಬು ಹಾಕಿ, ಕಿತ್ತಳೆ ಹಾಕಿ, ಸೀಬೆ ಹಾಕಿ."

"ಕಡಲೆಕಾಯಿ ಇಲ್ದಿರೋ ಪಿನ್ಯಾತಾನಾ!" ಲೆಯೊಕಾದಿಯಾ ಎದೆ ಮುಟ್ಟಿಕೊಂಡಳು. "ನಮ್ಮಪ್ಪನ ಕಾಲದಿಂದ ಮೂಟೆ ನಮ್ಮನೇದು. ಸಿಪ್ಪೆ ಸಮೇತ ಇರತ್ತೆ ಕಣೇ ಒದಿಲಿಯಾ. ಒಳಗಿರೋ ಕಾಳಿಗೂ ನಿನ್ ಮಗಳಿಗೂ ಎಲ್ಲಿಂದೆಲ್ಲಿಯ ನಂಟು?"

"ಶಾಲೆ ಮಕ್ಕಳೆಲ್ಲ ಅದರ ಮೇಲೆ ಬಿದ್ದು ಹೊರಳಾಡಿದ್ರೆ ಸಿಪ್ಪೆ ಉಳಿಯತ್ತಾ ದೋನ್ಯಾ ಲೆಯೋ? ಹೋದ ವರ್ಷ ಅಂಗಳದಲ್ಲಿ ಧೂಳೆದ್ದಿದ್ದು ನೀವೇ ನೋಡಿದ್ರಲ್ಲ."

"ನಮ್ ಕಾಲದಲ್ಲಿ ಇಂಥ ಕಾಯಿಲೆಗಳೇ ಇರ್ಲಿಲ್ಲಪ್ಪ."

"ಇತ್ತು. ಯಾಕೆ ಸತ್ತ ಅಂತ ಗೊತ್ತಾಗ್ತಿರ್ಲಿಲ್ಲ, ಅಷ್ಟೇ."

ಮದರ್ ಶಿಲುಬೆಯನ್ನು ಬೆರಳಲ್ಲಿ ತಿರುಗಿಸುತ್ತ ಕೂತರು. ಕೆಟ್ಟವರಲ್ಲ ಅವರು, ಹೆದರಿದ್ದರು. "ನನ್ನ ಅಂಗಳದಲ್ಲಿ ಆ ಮಗೂಗೆ ಏನಾದ್ರೂ ಆದ್ರೆ ನಾನು ಹ್ಯಾಗಮ್ಮ ಬದುಕ್ಲಿ?" ಎಂದರು.

"ಅದಕ್ಕೆ ಕಡಲೆಕಾಯಿ ಹೊರಗೆ ಹಾಕಿ ಅಂದ್ರೆ, ಮಗೂನ ಹೊರಗೆ ಹಾಕ್ತೀರಲ್ಲ! ಇರ್ಲಿ. ಕತ್ತೆ ಕಥೆ ಏನು?"

"ಕತ್ತೆ ಒಳಗೆ ಬರತ್ತೆ. ಚಿಕ್ಕ ಮಕ್ಕಳು ಅದಕ್ಕೇ ಕಾಯ್ತಿರ್ತವೆ."

"ಅಂದ್ರೆ ಕತ್ತೆ ಒಳಗೆ, ಮರಿಯಾ ಹೊರಗೆ. ಭಲೇ ಪೊಸಾದಾ ಮದರ್!" ಎಂದು ಒದಿಲಿಯಾ ಎದ್ದು ಬಂದಳು. ಬಾಗಿಲು ದಡಾರೆಂದದ್ದು ಗಾಳಿಗೆ ಎಂದು ಆಮೇಲೆ ಹೇಳಿಕೊಂಡಳು, ಯಾರೂ ನಂಬಲಿಲ್ಲ.

ಹೋಗುವುದೇ ಬೇಡವೆಂದು ಅವಳು ಮನೆಯಲ್ಲಿ ಕೂಗಾಡಿದಳು. ಮಾಯ್ತೆ ಅಂಟು ಕಲಸುತ್ತ ಎಲ್ಲ ಕೇಳಿಸಿಕೊಂಡು, "ನಾನು ಹೋಗ್ತೀನಮ್ಮ. ಅರ್ಧ ಮರಿಯಾ ಆದ್ರೂ ಪರ್ವಾಗಿಲ್ಲ," ಎಂದಳು. ಮಗಳು ಅತ್ತಿದ್ದರೆ ಒದಿಲಿಯಾಗೆ ಎಷ್ಟೋ ಸಲೀಸಿತ್ತು.

ಹಬ್ಬದ ಸಂಜೆ ಮೇಣದ ಬತ್ತಿ ಹಿಡಿದ ಮೆರವಣಿಗೆ ಶಾಲೆಯ ಬಾಗಿಲಿಗೆ ಬಂತು. ನೀಲಿ ಮುಸುಕು ಹೊದ್ದ ಮಾಯ್ತೆ ಕತ್ತೆಯ ಮೇಲೆ ಮಹಾರಾಣಿಯ ಹಾಗೆ ಕೂತಿದ್ದಳು. ಜೋಸೆಫನ ವೇಷದ ಹುಡುಗ ತಾದೆಯೋ ಅಂಟಿಸಿದ ಗಡ್ಡ ತುರಿಸಿಕೊಳ್ಳುತ್ತ ಪಕ್ಕದಲ್ಲಿ ನಿಂತಿದ್ದ. ಒಳಗೆ ಅಂಗಳದಲ್ಲಿ ಒದಿಲಿಯಾ ತಾನೇ ಮಾಡಿಕೊಟ್ಟಿದ್ದ ಪಿನ್ಯಾತಾ ಕಡಲೆಕಾಯಿ ತುಂಬಿಕೊಂಡು ತೂಗುತ್ತಿತ್ತು. ಒಳಗಿನ ಗುಂಪಿಗೆ ಮದರ್ ಬೆನಿಗ್ನಾರದೇ ದನಿ ಮುಂದು. ಹಾಡುವುದರಲ್ಲಿ ಅವರನ್ನು ಮೀರಿಸುವವರು ಊರಲ್ಲೇ ಇರಲಿಲ್ಲ. ಹೊರಗಿನವರು ಜಾಗ ಬೇಡಿದರು, ನೀವು ಕಳ್ಳರೋ ಏನೋ, ಹೋಗಿ ಎಂದು ಮದರ್ ಗದರಿಸಿ ಹಾಡಿದರು. ಹೀಗೆ ಬೇಡಿ, ಗದರಿಸಿ, ಕೊನೆಗೆ ಬಾಗಿಲು ತೆರೆಯಿತು. ಬನ್ನಿ, ಮನೆ ನಿಮ್ಮದೇ ಎಂದು ಮದರ್ ಎರಡೂ ಕೈ ಚಾಚಿ ಹಾಡಿದರು.

ಯಾರೂ ಅಲುಗಲಿಲ್ಲ.

ಕೇಳಿಸಲಿಲ್ಲವೇನೋ ಎಂದು ಮದರ್ ಇನ್ನೊಮ್ಮೆ, ದನಿ ಏರಿಸಿ ಹಾಡಿದರು. ಮಾಯ್ತೆ ಹೇಳಿಕೊಟ್ಟ ಹಾಗೆ ಕತ್ತೆಯಿಂದ ಇಳಿದು, ಹಗ್ಗವನ್ನು ಮಾವನ ಕೈಗೆ ಕೊಟ್ಟು, ಅಮ್ಮನ ಪಕ್ಕ ಬಂದು ನಿಂತಳು. ಆಗಲೂ ಒಂದು ಮಗುವೂ ಹೊಸ್ತಿಲ ಕಡೆ ಹೆಜ್ಜೆ ಇಡಲಿಲ್ಲ.

"ಯಾಕ್ರೋ? ಒಳಗೆ ಬನ್ನಿ!" ಎಂದರು ಮದರ್, ಹಾಡು ಬಿಟ್ಟು.

"ಹ್ಯಾಗ್ ಬರೋದು ಮದರ್?" ಎಂದ ತಾದೆಯೋ. "ಮರಿಯಾ ಹೊಸ್ತಿಲು ದಾಟೋ ಮುಂಚೆ ಯಾರಾದ್ರೂ ಕಾಲಿಟ್ರೆ ಕಿವಿ ಹಿಂಡ್ತೀನಿ ಅಂತ ನೀವೇ ಹೇಳಿದ್ರಲ್ಲ."

ಹೇಳಿದ್ದು ನಿಜ. ವರ್ಷವರ್ಷವೂ ಹೇಳಿದ್ದರು, ಕಿವಿಯನ್ನೂ ಹಿಂಡಿದ್ದರು. ಈಗ ಬತ್ತಿ ಹಿಡಿದು ನಿಂತ ಅಪ್ಪಂದಿರಲ್ಲಿ ಅರ್ಧ ಜನ ಆ ಬೆರಳಿನ ರುಚಿ ಕಂಡವರೇ. ಮರಿಯಾಳನ್ನು ಮನೆಗೆ ಕಳಿಸುವ ಏರ್ಪಾಟು ಮಾಡುವಾಗ ಮಾತ್ರ ಈ ಮಾತು ಯಾರಿಗೂ ಹೊಳೆದಿರಲಿಲ್ಲ. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಮದರ್ ನಗಲಿಲ್ಲ. ತಮ್ಮ ಚಾಚಿದ ಕೈಗಳನ್ನು ನೋಡಿದರು, ಬೀದಿಯಲ್ಲಿ ತಾಯಿಯ ಮಗ್ಗುಲಿಗೆ ಅಂಟಿ ನಿಂತ ನೀಲಿ ಮುಸುಕನ್ನು ನೋಡಿದರು. ಮುಖ ಕೆಂಪಾಯಿತು. ಸರಕ್ಕನೆ ಬಾಗಿಲು ಹಾಕಿಕೊಂಡರು.

ಆಗಿಹೋಯಿತು, ಎಲ್ಲರ ಹಬ್ಬವೂ ತನ್ನಿಂದ ಹಾಳಾಯಿತು ಎಂದು ಒದಿಲಿಯಾ ಅಂದುಕೊಂಡಳು. ಮಗಳ ಕೈ ಹಿಡಿದು ಹೊರಟೂಬಿಟ್ಟಳು.

ಅಷ್ಟರಲ್ಲಿ ಒಳಗೆ ಪಿನ್ಯಾತಾ ಇಳಿಸುವ ಹಗ್ಗದ ರಾಟೆ ಕಿರ್ ಎಂದಿತು. ಆಮೇಲೆ ಪೊರಕೆ. ಒಂದಲ್ಲ, ಹತ್ತಾರು. ಆಮೇಲೆ ಬಕೆಟ್ಟಿನ ಸದ್ದು.

"ಅಯ್ಯೋ, ನನ್ನ ಕಡಲೆಕಾಯಿ!" ಲೆಯೊಕಾದಿಯಾಳ ಗಂಟಲು.

"ಹಿಂದಿನ ಬಾಗ್ಲಿಂದ ತಗೊಂಡು ಹೋಗು. ನೀನೂ ಸೋಪು ಹಾಕಿ ಕೈ ತೊಳ್ಕೊಂಡು, ಬಟ್ಟೆ ಬದಲಾಯಿಸ್ಕೊಂಡೇ ಬಾ!" ಇದು ಮದರ್. "ಮಕ್ಕಳೇ, ಎಲ್ರೂ ನಲ್ಲಿ ಹತ್ರ ಸಾಲಾಗಿ! ಜೇಬಲ್ಲಿ ಏನಿದೆಯೋ ಅದೆಲ್ಲ ಆಚೆ!"

ಬೀದಿಯೆಲ್ಲ ಹೋ ಎಂದು ನಕ್ಕಿತು. ಹೆನಾರೋ ಕತ್ತೆಯನ್ನು ತಾದೆಯೋಗೆ ಒಪ್ಪಿಸಿ ಅಕ್ಕನ ಮನೆಗೆ ಓಡಿದ, ಇದ್ದುದರಲ್ಲೇ ದೊಡ್ಡ ಪಿನ್ಯಾತಾ ಹೊತ್ತುಕೊಂಡು ಬಂದ. ಅಕ್ಕಪಕ್ಕದ ಮನೆಯವರು ಮಡಿಲ ತುಂಬ ಕಿತ್ತಳೆ, ಕಬ್ಬು, ಸೀಬೆ ತಂದು ಸುರಿದರು. ಒದಿಲಿಯಾ ತಿರುಗಿ ಬಂದು ಶಾಲೆಯ ಮೆಟ್ಟಿಲ ಮೇಲೆ ಕೂತು ಒಂದೊಂದನ್ನೂ ನೋಡಿ ನೋಡಿ ತುಂಬಿದಳು. ಅವಳು ಮಾಡಿದ್ದರಲ್ಲಿ ಅವಳೇ ಹೊಟ್ಟೆ ತುಂಬಿಸಿದ ಮೊದಲನೆಯ ಪಿನ್ಯಾತಾ ಅದು.

ಒಳಗಿನ ಕೆಲಸ ಮುಗಿಯುವವರೆಗೆ ಸುಮ್ಮನಿರುವುದು ಹೇಗೆ? ಬಾಗಿಲ ಹಿಂದಿನಿಂದ ಮದರ್, ಯಾರದು ಬಾಗಿಲಲ್ಲಿ ಎಂದು ಹಾಡನ್ನು ಮೊದಲಿನಿಂದ ಎತ್ತಿಕೊಂಡರು. ಪೊರಕೆ ಬೀಸುತ್ತ ಹಾಡಿದ್ದರಿಂದ ನಡುನಡುವೆ ಉಸಿರು ಬಿಡುತ್ತಿದ್ದರು. ಹೊರಗಿನವರು ಎಂದೂ ಬೇಡದಷ್ಟು ಜೋರಾಗಿ ಬೇಡಿದರು. ಮಾಯ್ತೆ ಮತ್ತೆ ಕತ್ತೆ ಏರಿದಳು.

ಬಾಗಿಲು ತೆರೆದಾಗ ಮದರ್ ಬೆನಿಗ್ನಾರ ತೋಳು ಮೊಣಕೈವರೆಗೂ ಒದ್ದೆ, ಕೈಯಲ್ಲಿ ಪೊರಕೆ. "ಒಂದ್ಸಲ ಒಳಗೆ ಬಂದು ನೋಡ್ಬಿಡಮ್ಮ ಒದಿಲಿಯಾ," ಎಂದರು. "ಸರಿಯಾಗಿ ತೊಳೆದಿದೀವಾ? ನೀನು ಸರಿ ಅಂದ್ರೇನೇ ಸರಿ."

"ಮರಿಯಾಗಿಂತ ಮುಂಚೆ ನಾನು ಕಾಲಿಟ್ರೆ ನನ್ನ ಕಿವಿ ಹಿಂಡಲ್ವಾ ಮದರ್?"

ಒದಿಲಿಯಾ ಹೊಸ್ತಿಲ ಹೊರಗೇ ನಿಂತು, ಟಾರ್ಚ್ ಹಾಕಿ ಮೂಲೆಮೂಲೆ ನೋಡಿದಳು. ನೆಲ ಕನ್ನಡಿಯಾಗಿತ್ತು. ಜೇಬಿನ ಚುಚ್ಚುಮದ್ದನ್ನು ಮದರ್ ಕೈಗಿಟ್ಟು, ತೊಡೆಗೆ ಚುಚ್ಚುವುದು ಹೇಗೆಂದು ತೋರಿಸಿದಳು. ಮದರ್ ಅಲ್ಲೇ ಎರಡು ಸಲ ಹೇಳಿ ಒಪ್ಪಿಸಿದರು. ಆಮೇಲೆ ಒದಿಲಿಯಾ ತಲೆಯಾಡಿಸಿದಳು.

ಕತ್ತೆ ಹೊಸ್ತಿಲು ದಾಟಿತು. ಒಳಗೂ ಹೊರಗೂ ಒಟ್ಟಿಗೆ ಹಾಡೆದ್ದಿತು. ಒದಿಲಿಯಾ ಬೀದಿಯಲ್ಲಿ ನಿಂತೇ ಅಳುತ್ತಿದ್ದಳು, ಸಂತೋಷಕ್ಕೆ, ನಾಚಿಕೆಯಿಲ್ಲದೆ. ಮಕ್ಕಳು ಅವಳನ್ನು ತಳ್ಳಿಕೊಂಡು ಒಳಗೆ ನುಗ್ಗುತ್ತಿದ್ದಾಗ ಅಂಗಳದ ನಡುವಿನಿಂದ, ಹಾಡನ್ನೂ ಮೀರಿಸಿ ಮಾಯ್ತೆಯ ಕೂಗು ಬಂತು:

"ಅಮ್ಮಾ, ನಾನು ಬಂದಾಯ್ತು! ಈಗ ನೀನೂ ಬರ್ಬೋದು!"