ದೊಡ್ಡ ಪ್ಯಾನಲ್ಲಿಗೆ ಒಪ್ಪುವ ಕಂಟ್ರೋಲರ್

ಮೊಟ್ಟೆ ಒಡೆದು ನೋಡುವ ಕೆಲಸ ಸೌಭಾಗ್ಯಳಿಗೆ ಇದು ಎರಡನೇ ಸಲ. ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದೊಂದಾಗಿ ಒಡೆಯುತ್ತ ಹೋದಳು. ಹದಿನೇಳು ದಿನದ ಮರಿಗಳು. ಮೈಮೇಲೆ ಒದ್ದೆ ತುಪ್ಪಳ ಬಂದಿತ್ತು, ಕೊಕ್ಕು ಮೂಡಿತ್ತು. ಒಂದರಲ್ಲೂ ಜೀವ ಇರಲಿಲ್ಲ. ಇಪ್ಪತ್ತು ಒಡೆದ ಮೇಲೆ ಕೈ ಸೋತಿತು. ಉಳಿದವನ್ನು ಒಡೆಯದೆ ಹಾಗೆಯೇ ತಿಪ್ಪೆಯ ಪಕ್ಕ ಗುಂಡಿ ತೋಡಿ ಮುಚ್ಚಿದಳು. ಮೊದಲ ಸಲ ಅತ್ತಿದ್ದಳು. ಈ ಸಲ ಅಳುವುದಕ್ಕೂ ತ್ರಾಣ ಇರಲಿಲ್ಲ.

ಚಿಗಟೇರಿಯಿಂದ ಕೊಟ್ಟೂರಿನ ಕಡೆ ಹೋಗುವಾಗ ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ ಇವರ ಹೊಲದ ಮನೆ. ಸೌಭಾಗ್ಯ, ಗಂಡ ಕರಿಸಿದ್ದಪ್ಪ, ಅತ್ತೆ ಪಕ್ಕೀರಮ್ಮ, ಮೂವರೇ. ನಲವತ್ತು ಕುರಿ, ಒಂದಿಷ್ಟು ಮೆಕ್ಕೆಜೋಳ, ಹತ್ತಾರು ನಾಟಿ ಕೋಳಿ. ಕರೆಂಟಿನ ಕಂಬ ಅಲ್ಲಿಗೆ ಬಂದಿಲ್ಲ. ಮೊದಲೆಲ್ಲ ಸಣ್ಣದೊಂದು ಸೋಲಾರ್ ಪ್ಯಾನಲ್ ಇತ್ತು. ಎರಡು ಬಲ್ಬು ಉರಿಯುತ್ತಿದ್ದವು, ಫೋನು ಚಾರ್ಜ್ ಆಗುತ್ತಿತ್ತು. ಅಷ್ಟಕ್ಕೆ ಯಾವ ತಕರಾರೂ ಇರಲಿಲ್ಲ.

ಮಹಿಳಾ ಸಂಘದಲ್ಲಿ ಕೋಳಿ ಸಾಕಣೆಯ ತರಬೇತಿ ಪಡೆದ ಮೇಲೆ ಸೌಭಾಗ್ಯ ಮರಿ ಮಾಡುವ ಪೆಟ್ಟಿಗೆ ತಂದಳು. ಅರವತ್ತು ಮೊಟ್ಟೆ ಹಿಡಿಯುವಂಥದ್ದು, ಬ್ಯಾಟರಿಯಿಂದಲೇ ನಡೆಯುವಂಥದ್ದು. ಇಪ್ಪತ್ತೊಂದು ದಿನ ಒಂದೇ ಸಮನೆ ಬೆಚ್ಚಗಿರಬೇಕು. ಸಂಘದ ಹೆಂಗಸರು ಮೊಟ್ಟೆ ಕೊಡುವುದು, ಹುಟ್ಟಿದ ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ಇವಳಿಗೆ ಎಂದು ಮಾತಾಗಿತ್ತು. ಪೆಟ್ಟಿಗೆಗೆ ಕರೆಂಟು ಹೆಚ್ಚು ಬೇಕೆಂದು ಕರಿಸಿದ್ದಪ್ಪ ಕೊಟ್ಟೂರಿನಿಂದ ದೊಡ್ಡ ಪ್ಯಾನಲ್ ತಂದು ಹಳೆಯದರ ಜಾಗದಲ್ಲಿ ಕೂರಿಸಿದ. ಮುನ್ನೂರ ಮೂವತ್ತೈದು ವ್ಯಾಟಿನದು. ಪ್ಯಾನಲ್ಲಿಗೂ ಬ್ಯಾಟರಿಗೂ ನಡುವೆ ಗೋಡೆಗೆ ಹೊಡೆದಿದ್ದ, ಬ್ಯಾಟರಿಗೆ ಕರೆಂಟನ್ನು ಹದವಾಗಿ ಬಿಡುವ ಹಳೆಯ ಚಾರ್ಜ್ ಕಂಟ್ರೋಲರ್ ಡಬ್ಬಿ ಒಂದೇ ವಾರಕ್ಕೆ ಸುಟ್ಟ ವಾಸನೆ ಹೊಡೆದು ಕಪ್ಪಾಯಿತು. ಅಂಗಡಿಯವನು ಇನ್ನೊಂದು ಕೊಟ್ಟ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಎಂಪಿಪಿಟಿ ಎಂದು ಬರೆದಿತ್ತು. ಹಗಲೆಲ್ಲ ಹಸಿರು ದೀಪ ಉರಿಯುತ್ತಿತ್ತು. ಆದರೆ ಬೆಳಕು ಹರಿಯುವ ಹೊತ್ತಿಗೆ ಬ್ಯಾಟರಿ ಇಳಿದು ಪೆಟ್ಟಿಗೆ ತಣ್ಣಗಾಗಿರುತ್ತಿತ್ತು. ಎಂಟು ತಿಂಗಳಿಗೆ ಮೊದಲ ಬ್ಯಾಟರಿ ಹೋಯಿತು. ಗಂಡ ಹೆಂಡತಿ ಅದನ್ನು ಹೊತ್ತು ರಸ್ತೆವರೆಗೆ ತಂದು, ಲಗೇಜ್ ಆಟೊದಲ್ಲಿ ಹಾಕಿ ಕೊಟ್ಟೂರಿಗೆ ಒಯ್ದು, ಹೊಸದನ್ನು ಅದೇ ದಾರಿಯಲ್ಲಿ ಹೊತ್ತು ತಂದಿದ್ದರು. ಈಗ ಅದಕ್ಕೂ ನಾಲ್ಕೇ ತಿಂಗಳು.

“ಈ ಬ್ಯಾಟ್ರೀನೂ ಕೆಟ್ಟೈತಿ,” ಎಂದ ಕರಿಸಿದ್ದಪ್ಪ. ಪೆಟ್ಟಿಗೆಯನ್ನು ಯಾರಿಗಾದರೂ ಮಾರಿಬಿಡೋಣ ಎಂಬುದು ಅವನ ಲೆಕ್ಕ.

ಪಕ್ಕೀರಮ್ಮ ಕುರಿಮರಿಗೆ ಸೊಪ್ಪು ಹಾಕುತ್ತಿದ್ದವಳು ತಲೆ ಎತ್ತಲಿಲ್ಲ. “ಕಾವಿಗೆ ಕುಂತ ಕೋಳಿ ಯಾವತ್ತೂ ಬ್ಯಾಟ್ರಿ ಕೇಳಿಲ್ಲ,” ಎಂದಳು.

ಸೌಭಾಗ್ಯ ಮಣ್ಣಾದ ಕೈ ತೊಳೆದುಕೊಂಡಳು. ಅವಳಿಗಿದ್ದ ಚಿಂತೆ ಜಂಬಮ್ಮನದು. ಈ ಸಲದ ಮೊಟ್ಟೆಗಳಲ್ಲಿ ಹೆಚ್ಚಿನವು ಸಂಘದ ಜಂಬಮ್ಮನ ಮನೆಯವು. ಹೋಗಿ ಹೇಳಲೇಬೇಕು. ಹೋಗಿ ಹೇಳಿದಳು. ಜಂಬಮ್ಮ ಬೈಯಲಿಲ್ಲ. ಮುಂದೆ ಕೊಡುವುದಿಲ್ಲ ಎಂದೂ ಅನ್ನಲಿಲ್ಲ. ಸುಮ್ಮನೆ ತನ್ನ ಬುಟ್ಟಿ ಇಸಿದುಕೊಂಡು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತ ಸೌಭಾಗ್ಯ ಬಿಸಿಲಲ್ಲಿ ಮನೆಗೆ ನಡೆದಳು.

ಆ ವಾರದ ಸಂಘದ ಸಭೆಗೆ ರೋಜಾ ಬಂದಿದ್ದಳು. ಹಗರಿಬೊಮ್ಮನಹಳ್ಳಿಯ ಹುಡುಗಿ, ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿತವಳು. ಸ್ಕೂಟಿಯಲ್ಲಿ ಊರೂರು ತಿರುಗಿ ಸಂಘದವರ ಸೋಲಾರ್ ಸಾಮಾನು ನೋಡಿಕೊಡುವುದು ಅವಳ ಕೆಲಸ. ಮೊಟ್ಟೆ ಹಾಳಾದ ಸುದ್ದಿ ಕೇಳಿ ತಾನೇ ಸೌಭಾಗ್ಯಳ ಪಕ್ಕ ಬಂದು ಕೂತಳು. ಸೌಭಾಗ್ಯ ಮೊದಲು ಕೇಳಿದ್ದು, ನೀನು ಯಾವ ಬ್ಯಾಟರಿ ಮಾರುತ್ತೀ ಎಂದು.

“ನಾನು ಏನೂ ಮಾರಂಗಿಲ್ಲಕ್ಕಾ. ಬಂದು ಅಳತಿ ಮಾಡಿ ನೋಡ್ತೀನಿ, ಅಷ್ಟ.”

ಮರುದಿನ ನೆತ್ತಿಯ ಮೇಲೆ ಬಿಸಿಲಿರುವಾಗಲೇ ಬಂದಳು. ಬ್ಯಾಟರಿಯ ತಂತಿಗೆ ಮೀಟರಿನ ಇಕ್ಕಳ ಹಾಕಿದಳು. ಒಂಬತ್ತು ಆಂಪಿಯರಿಗೆ ಸ್ವಲ್ಪ ಕಡಿಮೆ. ಬ್ಯಾಟರಿಯ ವೋಲ್ಟೇಜು ಹದಿಮೂರು. ಕಡ್ಡಿಯಿಂದ ನೆಲದ ಮೇಲೆ ಬರೆದು ಗುಣಿಸಿ ತೋರಿಸಿದಳು. ಹತ್ತಿರ ಹತ್ತಿರ ನೂರ ಹದಿನೈದು ವ್ಯಾಟು. ಇಂಥ ಬಿಸಿಲಿಗೆ ಈ ಪ್ಯಾನಲ್ಲಿನಿಂದ ಇನ್ನೂರ ಐವತ್ತರ ಮೇಲಾದರೂ ಬರಬೇಕಿತ್ತು.

“ಹಂಗಾರ ಪ್ಯಾನಲ್ ಕೆಟ್ಟೈತೇನು?” ಎಂದು ಕೇಳಿದ ಕರಿಸಿದ್ದಪ್ಪ.

“ಪ್ಯಾನಲ್ ಚಲೋ ಐತ್ರಿ ಅಣ್ಣಾ. ಬ್ಯಾಟ್ರೀನೂ ಇನ್ನೂ ಸತ್ತಿಲ್ಲ, ಉಪವಾಸ ಐತಿ. ನಡುವಿನ ಈ ಡಬ್ಬಿ ಎರಡಕ್ಕೂ ಹೊಂದಂಗಿಲ್ಲ.”

ರೋಜಾ ಬಿಡಿಸಿ ಹೇಳಿದಳು. ಸಣ್ಣ ಪ್ಯಾನಲ್ಲು ಬ್ಯಾಟರಿಗೆ ಸರಿಹೊಂದುವ ಹದಿನೆಂಟು ವೋಲ್ಟಿನ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಅದಕ್ಕೆ ಪಿಡಬ್ಲ್ಯುಎಂ ಎನ್ನುವ ಸಾದಾ ಕಂಟ್ರೋಲರ್ ಸಾಕು. ಆದರೆ ಈ ದೊಡ್ಡ ಪ್ಯಾನಲ್ಲು ಕೆಲಸ ಮಾಡುವುದು ಮೂವತ್ತೇಳು ವೋಲ್ಟಿನಲ್ಲಿ. ಸಾದಾ ಕಂಟ್ರೋಲರ್ ಅದನ್ನು ಬ್ಯಾಟರಿಯ ಹದಿಮೂರಕ್ಕೆ ಎಳೆದುಬಿಡುತ್ತದೆ, ಉಳಿದ ಶಕ್ತಿ ದಂಡ.

“ಕೊಡದಾಗಿನ ನೀರ ಬಾಟ್ಲಿಗೆ ಹಂಗ ಸುರುವಿದ್ರ ನೆಲಕ್ಕ ಹೋಗೋದ ಹೆಚ್ಚು. ಲಾಳಿಕಿ ಬೇಕಲ್ಲಕ್ಕಾ? ಎಂಪಿಪಿಟಿ ಅಂದ್ರ ಆ ಲಾಳಿಕಿ. ಹೆಚ್ಚಿನ ವೋಲ್ಟ ಇಳಿಸಿ, ಅದನ್ನ ಆಂಪಿಯರ್ ಮಾಡಿ ಬ್ಯಾಟ್ರಿಗೆ ಹಾಕ್ತೈತಿ.”

“ಇದರ ಮ್ಯಾಲೂ ಅದನ್ನ ಬರದಾರ,” ಎಂದಳು ಸೌಭಾಗ್ಯ.

ರೋಜಾ ಮೊದಲು ಪ್ಯಾನಲ್ಲಿನ ತಂತಿ, ಆಮೇಲೆ ಬ್ಯಾಟರಿಯ ತಂತಿ ಬಿಚ್ಚಿ ಆ ಡಬ್ಬಿಯನ್ನು ಸೌಭಾಗ್ಯಳ ಅಂಗೈಯಲ್ಲಿಟ್ಟಳು. ಏನೂ ತೂಕವಿರಲಿಲ್ಲ. ನಿಜವಾದದ್ದರ ಒಳಗೆ ತಾಮ್ರದ ಸುರುಳಿ ಇರುತ್ತದೆ, ಬೆನ್ನಿಗೆ ಬಿಸಿ ಆರಿಸುವ ಲೋಹದ ಪಟ್ಟಿಗಳಿರುತ್ತವೆ, ಹಾಗಾಗಿ ಕೈಗೆ ಭಾರವಾಗುತ್ತದೆ ಎಂದಳು. ಸ್ಕ್ರೂ ತೆಗೆದು ತೋರಿಸಿದಳು. ಸುರುಳಿ ಇರಲಿಲ್ಲ. ಮೇಲಿನ ಹೆಸರು ಬರೀ ಹೆಸರು.

ಸೌಭಾಗ್ಯ ಗೋಡೆಗೆ ಒರಗಿ ನಿಂತಳು. ಎಲ್ಲ ತಿಳಿದರೂ ಮನಸ್ಸು ಮುಂದಕ್ಕೆ ಹೋಗಲಿಲ್ಲ.

“ಇವರು ಬ್ಯಾಟ್ರಿ ಅಂದ್ರು. ಅಂಗಡಿಯವ ಮೋಡ ಅಂದ. ನೀನು ಡಬ್ಬಿ ಅಂತಿ. ಮುಂದ ಬರೋರು ಇನ್ನೊಂದು ಏನರ ಅಂತಾರ. ನನಗ ಕೇಳಿ ಕೇಳಿ ಸಾಕಾಗೈತಿ ರೋಜಾ.”

ರೋಜಾ ಎದ್ದು ಹೊರಗೆ ಹೋದಳು. ಸ್ಕೂಟಿಯ ಡಿಕ್ಕಿಯಿಂದ ತನ್ನದೊಂದು ಕಂಟ್ರೋಲರ್ ತಂದಳು. ಪರೀಕ್ಷೆಗೆಂದು ಜೊತೆಗೆ ಒಯ್ಯುವಂಥದ್ದು. ಮೊದಲು ಬ್ಯಾಟರಿ ತಂತಿ ಸೇರಿಸಿ, ಆಮೇಲೆ ಪ್ಯಾನಲ್ಲಿನದು ಸೇರಿಸಿದಳು. ಇಕ್ಕಳದ ಮೀಟರು ಸ್ವಲ್ಪ ಹೊತ್ತು ಓಲಾಡಿ ಇಪ್ಪತ್ತು ಆಂಪಿಯರಿನ ಹತ್ತಿರ ನಿಂತಿತು. ಅದೇ ಪ್ಯಾನಲ್ಲು, ಅದೇ ಬ್ಯಾಟರಿ, ಅದೇ ಬಿಸಿಲು.

“ಈಗ ಏನೂ ಕೊಳ್ಳಬ್ಯಾಡ್ರಿ,” ಎಂದಳು. “ಏಳು ದಿನ ಇದು ನಿಮ್ಮ ಮನ್ಯಾಗ ಇರ್ಲಿ. ಮೊಟ್ಟಿ ಇಡಬ್ಯಾಡ್ರಿ. ಪೆಟಿಗ್ಯಾಗ ನೀರಿನ ಬಾಟ್ಲಿ ಇಟ್ಟು ನಡಸ್ರಿ. ದಿನಾ ಮುಂಜಾನಿ ಬಿಸಿ ಎಷ್ಟೈತಿ, ಬ್ಯಾಟ್ರಿ ಎಷ್ಟೈತಿ ನೋಡ್ರಿ. ನನ್ನ ಮಾತು ನಂಬೂದು ಬ್ಯಾಡ.”

ಏಳು ದಿನವೂ ಸೌಭಾಗ್ಯ ಎದ್ದೊಡನೆ ಪೆಟ್ಟಿಗೆಯ ಕಡೆ ಹೋಗಲು ಹೆದರಿದಳು. ಹೋಗಿ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ನಾಲ್ಕನೆಯ ದಿನ ಮೋಡ ಕವಿದು ಬಿಸಿಲೇ ಬೀಳಲಿಲ್ಲ. ಐದನೆಯ ಬೆಳಿಗ್ಗೆ ಅವಳು ಹಾಸಿಗೆಯಿಂದ ಏಳುವ ಮೊದಲೇ ಪಕ್ಕೀರಮ್ಮ ಕಂಟ್ರೋಲರಿನ ಮುಂದೆ ನಿಂತಿದ್ದಳು. ಅಂಕಿ ಓದಲು ಬರುತ್ತಿತ್ತು ಮುದುಕಿಗೆ.

“ಬ್ಯಾಟ್ರಿ ಹನ್ನೆರಡು ಚುಕ್ಕಿ ಒಂದು ಐತಿ. ಪೆಟಿಗಿ ಬೆಚ್ಚಗೈತಿ, ಮಲಕ್ಕೋ ಇನ್ನೊಂದಿಷ್ಟು,” ಎಂದು ಸೊಸೆಗೆ ಕೂಗಿ ಹೇಳಿ ಕುರಿಹಟ್ಟಿಯ ಕಡೆ ಹೋದಳು. ಸೌಭಾಗ್ಯ ಮತ್ತೆ ಮಲಗಿದಳು. ಬಹಳ ದಿನಗಳ ಮೇಲೆ ಬಂದ ನಿದ್ದೆ ಅದು.

ವಾರ ಕಳೆದು ರೋಜಾ ತನ್ನದನ್ನು ವಾಪಸ್ ಒಯ್ಯಲು ಬಂದಾಗ, ಇವರದ್ದೇ ಒಂದು ತರಲು ಸೌಭಾಗ್ಯಳೂ ಅವಳೂ ಕೊಟ್ಟೂರಿಗೆ ಹೋದರು. ಹೋಗುವ ಮುನ್ನ ರೋಜಾ ಪ್ಯಾನಲ್ಲಿನ ಹಿಂದೆ ಅಂಟಿಸಿದ್ದ ಚೀಟಿಯ ಫೋಟೊವನ್ನು ಸೌಭಾಗ್ಯಳ ಫೋನಿನಲ್ಲೇ ತೆಗೆಸಿದ್ದಳು. ತಂತಿ ಜೋಡಿಸದೆ ಇದ್ದಾಗ ಆ ಪ್ಯಾನಲ್ಲು ನಲವತ್ತೈದು ವೋಲ್ಟಿನವರೆಗೆ ಏರುತ್ತದೆ, ಚಳಿಯ ಮುಂಜಾನೆ ಇನ್ನೂ ಸ್ವಲ್ಪ ಹೆಚ್ಚು. ಕಂಟ್ರೋಲರ್ ಅದಕ್ಕಿಂತ ಸಾಕಷ್ಟು ಹೆಚ್ಚು ತಡೆಯಬೇಕು. ಇನ್ನು ಆಂಪಿಯರು: ಪ್ಯಾನಲ್ಲಿನ ಮುನ್ನೂರ ಮೂವತ್ತೈದನ್ನು ಬ್ಯಾಟರಿಯ ಹನ್ನೆರಡರಿಂದ ಭಾಗಿಸಿದರೆ ಇಪ್ಪತ್ತೆಂಟು. ಅದರ ಮೇಲೆ ಕಾಲು ಭಾಗ ಸೇರಿಸಿದರೆ ಮೂವತ್ತೈದು. ಅಂಗಡಿಯಲ್ಲಿ ಸಿಗುವುದು ಮೂವತ್ತು, ಇಲ್ಲವೇ ನಲವತ್ತು.

ಅಂಗಡಿಯವನು ಮೊದಲು ಇಟ್ಟದ್ದು ಹಳೆಯದರಂಥದ್ದೇ ಹಗುರ ಡಬ್ಬಿ. ರೋಜಾ ಬೇಕೆಂದೇ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಸೌಭಾಗ್ಯಳೇ ಕೇಳಿದಳು.

“ಇದು ಎಷ್ಟು ವೋಲ್ಟ್ ತಡೀತೈತ್ರಿ? ಎಷ್ಟು ಆಂಪಿಯರ್? ನಮ್ಮದು ನೀರು ಹಾಕೋ ಟ್ಯೂಬುಲರ್ ಬ್ಯಾಟ್ರಿ, ಅದಕ್ಕ ಸೆಟ್ ಮಾಡಾಕ ಬರ್ತೈತೇನ್ರಿ? ಬಿಲ್ಲು, ವಾರಂಟಿ ಕಾರ್ಡು ಕೊಡ್ತೀರೇನ್ರಿ?”

ಅವನು ಡಬ್ಬಿಯನ್ನು ತಿರುಗಿಸಿ ನೋಡಿದ. ಉತ್ತರ ಅದರ ಮೇಲೆ ಇರಲಿಲ್ಲ. ಅದನ್ನು ಸರಿಸಿ ಒಳಗಿನಿಂದ ಇನ್ನೊಂದು ತಂದ. ನೂರು ವೋಲ್ಟು ತಡೆಯುವ, ನಲವತ್ತು ಆಂಪಿಯರಿನ, ಕೈಗೆ ಭಾರವಾದದ್ದು. ಬೆಲೆ ಹಗುರ ಡಬ್ಬಿಗಿಂತ ಬಹಳ ಹೆಚ್ಚು, ಹೊಸ ಬ್ಯಾಟರಿಯ ಅರ್ಧಕ್ಕಿಂತ ಕಡಿಮೆ. ಸೌಭಾಗ್ಯ ಬಿಲ್ಲು ಇಸಿದುಕೊಂಡೇ ಹೊರಗೆ ಬಂದಳು.

ಗಾಳಿಯಾಡುವ, ಬಿಸಿಲು ಬೀಳದ ಗೋಡೆಗೆ ಅದನ್ನು ಹೊಡೆದರು. ಬ್ಯಾಟರಿಯ ತಂತಿಗೆ ಫ್ಯೂಸು ಬಿತ್ತು. ಇನ್ನು ಮೊಟ್ಟೆ ಬೇಕು. ತನ್ನ ಕೋಳಿಗಳವು ಇಪ್ಪತ್ತೊಂದು ಕೂಡಿದವು. ಜಂಬಮ್ಮನ ಬಾಗಿಲಿಗೆ ಹೋಗಿ ನಿಂತಾಗ ಸೌಭಾಗ್ಯ ಏನನ್ನೂ ಮುಚ್ಚಿಡಲಿಲ್ಲ. ತಪ್ಪು ಎಲ್ಲಿತ್ತು, ಏನು ಬದಲಾಯಿಸಿದೆವು, ವಾರವಿಡೀ ನೀರಿಟ್ಟು ನೋಡಿದ್ದು, ಎಲ್ಲ ಹೇಳಿದಳು. ಜಂಬಮ್ಮ ಒಳಗೆ ಹೋಗಿ ಹತ್ತು ಮೊಟ್ಟೆ ಎಣಿಸಿ ತಂದು ಕೊಟ್ಟಳು.

ಇಪ್ಪತ್ತನೆಯ ದಿನದ ಸಂಜೆ ಒಂದು ಮೊಟ್ಟೆ ಸಣ್ಣಗೆ ಬಿರಿಯಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದರಲ್ಲಿ ಇಪ್ಪತ್ನಾಲ್ಕು ಮರಿಗಳು ಹೊರಗೆ ಬಂದಿದ್ದವು. ಏಳು ಬರಲಿಲ್ಲ, ಕೋಳಿಯ ಕೆಳಗೂ ಅಷ್ಟು ಹೋಗುತ್ತವೆ ಎಂದಳು ಪಕ್ಕೀರಮ್ಮ. ಕರಿಸಿದ್ದಪ್ಪ ಕುರಿ ಬಿಟ್ಟು ಬಂದು ಪೆಟ್ಟಿಗೆಯ ಗಾಜಿನೊಳಗಿಂದ ಬಗ್ಗಿ ನೋಡಿದ. ಮಾರುವ ಮಾತು ಮತ್ತೆ ಎತ್ತಲಿಲ್ಲ. ಮರಿಗಳಿಗೆ ಗೂಡು ಎಲ್ಲಿ ಕಟ್ಟೋಣ ಎಂದು ಕೇಳಿದ. ಸೌಭಾಗ್ಯ ನೆಲದ ಮೇಲೆ ಕಾಲು ಚಾಚಿ ಕೂತಳು. ಸಂತೋಷ ಒಮ್ಮೆಗೇ ಬರಲಿಲ್ಲ. ದಣಿವು ಇಳಿಯುತ್ತ ಇಳಿಯುತ್ತ ಅದರ ಜಾಗಕ್ಕೆ ನಿಧಾನವಾಗಿ ಬಂತು. ಸಂಜೆ ಐದು ಮರಿಗಳನ್ನು ಬಟ್ಟೆಯಲ್ಲಿ ಬೆಚ್ಚಗೆ ಹೊದಿಸಿಕೊಂಡು ತಾನೇ ಜಂಬಮ್ಮನ ಮನೆಗೆ ನಡೆದು ಹೋಗಿ ಕೊಟ್ಟು ಬಂದಳು.

ಹೊಲದಲ್ಲಿ, ಹಟ್ಟಿಯಲ್ಲಿ ಸೋಲಾರ್ ಹಾಕಿಕೊಂಡಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬ್ಯಾಟರಿ ವರ್ಷ ತುಂಬುವ ಮೊದಲೇ ಸಾಯುತ್ತಿದ್ದರೆ ಇನ್ನೊಂದು ಬ್ಯಾಟರಿ ತರುವ ಮುನ್ನ ಸ್ವಲ್ಪ ತಡೆಯಿರಿ. ಎರಡು ಬಲ್ಬಿನ ಸಣ್ಣ ಹನ್ನೆರಡು ವೋಲ್ಟಿನ ಪ್ಯಾನಲ್ಲಿಗೆ ಸಾದಾ ಕಂಟ್ರೋಲರೇ ಸಾಕು, ದುಬಾರಿಯದು ಬೇಡ. ದೊಡ್ಡ ಪ್ಯಾನಲ್ ಹಾಕಿದ್ದರೆ ಅದರ ಹಿಂದಿನ ಚೀಟಿಯಲ್ಲಿರುವ ವ್ಯಾಟನ್ನೂ ವೋಲ್ಟನ್ನೂ ಬರೆದುಕೊಂಡು ಹೋಗಿ, ಅದನ್ನು ತಡೆಯುವ ನಿಜವಾದ ಎಂಪಿಪಿಟಿ ಕೇಳಿ, ನಿಮ್ಮ ಬ್ಯಾಟರಿಯ ಬಗೆಗೆ ಅದನ್ನು ಹೊಂದಿಸಿಕೊಡಲು ಹೇಳಿ, ಬಿಲ್ಲಿಲ್ಲದೆ ತರಬೇಡಿ. ತಂತಿಯ ಕೆಲಸ ಬಲ್ಲವರ ಕೈಯಲ್ಲೇ ಮಾಡಿಸಿ. ಪ್ರಶ್ನೆ ಕೇಳಿದರೆ ಅಂಗಡಿಯವನು ಬೇಸರ ಮಾಡಿಕೊಳ್ಳಬಹುದು. ಮಾಡಿಕೊಳ್ಳಲಿ. ದುಡಿದ ದುಡ್ಡು ನಿಮ್ಮದು, ಕೇಳಿಯೇ ಕೊಳ್ಳಿ.