ಒಳಗೆ ಬಿಟ್ಟ ಬಟ್ಟೆ

ಮಾಸ್ಟರ್‌ಗೆ ಒಂದು ಗುಟ್ಟಿನ ಚಟವಿತ್ತು. ಕುಡಿತವಲ್ಲ, ಇಸ್ಪೀಟಲ್ಲ. ಅಂಥದ್ದೇನಾದರೂ ಇದ್ದಿದ್ದರೆ ಹೆಂಡತಿ ಮದುವೆಯಾದ ವಾರದಲ್ಲೇ ಬಿಡಿಸಿರುತ್ತಿದ್ದಳು. ಇದು ಅವಳ ಕಣ್ಣಿಗೆ ಬೀಳದ ಚಟ, ಬೀಳುವುದಿಲ್ಲವೆಂದು ಅವನು ನಂಬಿಕೊಂಡಿದ್ದ ಚಟ. ಮಧ್ಯಾಹ್ನ ಉಂಡು ಅವಳು ಗೊರಕೆ ಹೊಡೆಯತೊಡಗಿದ ಮೇಲೆ, ಒಗೆದು ಮಡಿಸಿಟ್ಟ ಅವಳ ಅಂಗಿಯನ್ನೋ ಲಂಗವನ್ನೋ ಎತ್ತಿಕೊಂಡು ಮುಂದಿನ ಕೋಣೆಯ ಮಷೀನಿಗೆ ಹೋಗುತ್ತಿದ್ದ. ಆ ಕೋಣೆಯೇ ಅವನ ಟೈಲರಿಂಗ್ ಅಂಗಡಿ. ಪಕ್ಕದ ಹೊಲಿಗೆ ಬಿಚ್ಚಿ, ಒಳಗಿದ್ದ ಬಟ್ಟೆಯನ್ನು ಒಂದಿಷ್ಟೇ ಹೊರಗೆ ಬಿಟ್ಟು, ಮತ್ತೆ ಹೊಲಿದು, ಹಳೆಯ ಗುರುತು ಕಾಣದಂತೆ ಇಸ್ತ್ರಿ ತಿಕ್ಕಿ, ಎತ್ತಿಕೊಂಡಲ್ಲೇ ಇಡುತ್ತಿದ್ದ.

ಟೈಲರ್‌ಗಳ ಬಾಯಲ್ಲಿ ಹಗಲೆಲ್ಲ ಓಡಾಡುವುದು ಎರಡೇ ಮಾತು: ಹಿಡಿಯುವುದು, ಬಿಡುವುದು. ದೊಗಳೆಯಾದರೆ ಹಿಡಿಯುವುದು, ಬಿಗಿಯಾದರೆ ಬಿಡುವುದು. ಹೆಂಡತಿಯ ವಿಷಯದಲ್ಲಿ ಮಾಸ್ಟರ್ ಜೀವಮಾನವೆಲ್ಲ ಬಿಡುತ್ತಲೇ ಬಂದಿದ್ದ. ಗಿರಾಕಿಗಳ ಬಟ್ಟೆಗೆ ಹೊಲಿಗೆಯ ಒಳಗೆ ಒಂದು ಬೆರಳಗಲ ಬಿಟ್ಟರೆ ಅವಳದಕ್ಕೆ ಮೂರು ಬೆರಳಗಲ ಬಿಡುತ್ತಿದ್ದ. ಅದೂ ಮುಗಿದಾಗ ಕಂಕುಳ ಕೆಳಗೆ ಅದೇ ಬಟ್ಟೆಯ ಪಟ್ಟಿ ಕೂರಿಸುತ್ತಿದ್ದ. ಪಟ್ಟಿಗೆಂದೇ ಅವಳ ಪ್ರತಿ ಬಟ್ಟೆಯ ತುಂಡನ್ನೂ ಗಂಟು ಕಟ್ಟಿಟ್ಟಿದ್ದ.

ಬೀದಿಗೆಲ್ಲ ಅವಳು ದಪ್ಪಕ್ಕ. ಹತ್ತಿರದ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಅವಳ ಮಡಿಲಲ್ಲಿ ಒಂದೇ ಸಲಕ್ಕೆ ಮೂರು ಮಕ್ಕಳು ಜಗಳವಿಲ್ಲದೆ ಮಲಗುತ್ತಿದ್ದವು. ದಪ್ಪಕ್ಕ ಎಂದು ಕರೆದರೆ ಅವಳಿಗೆ ಸಿಟ್ಟಿಲ್ಲ, ವಾದ ಮಾತ್ರ ಇತ್ತು.

"ಇದು ಮದುವೆಯಾದ ವರ್ಷ ಹೊಲಿದ ಅಂಗಿ. ಇವತ್ತಿಗೂ ಹಾಗೇ ಹಿಡಿಸುತ್ತೆ. ಸುಮ್ನೆ ದಪ್ಪಕ್ಕ ದಪ್ಪಕ್ಕ ಅಂತೀರಲ್ಲ, ಅಂಗಿ ಸುಳ್ಳು ಹೇಳುತ್ತಾ?"

ಅಕ್ಕಪಕ್ಕದವರು ಅವಳನ್ನೊಮ್ಮೆ ನೋಡಿ, ಆಮೇಲೆ ಮಾಸ್ಟರ್ ಕಡೆ ನೋಡುತ್ತಿದ್ದರು. ಅವನಿಗೆ ಅದೇ ಗಳಿಗೆಯಲ್ಲಿ ಸೂಜಿಗೆ ದಾರ ಪೋಣಿಸುವ ಕೆಲಸ ಬಂದುಬಿಡುತ್ತಿತ್ತು.

ಹೀಗೆ ನಗುನಗುತ್ತಾ ನಡೆದದ್ದು ಎರಡು ವರ್ಷದ ಹಿಂದೆ ತಿರುಗಿತು. ಮಂಡಿನೋವೆಂದು ಅವಳು ಚಹಾಕ್ಕೆ ಸಕ್ಕರೆ ಬಿಟ್ಟಳು, ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟಳು. ಒಂದು ದಿನ ಅವಳ ನೀಲಿ ಅಂಗಿ ಭುಜದಿಂದ ಜಾರುತ್ತಿರುವುದು ಮಾಸ್ಟರ್‌ಗೆ ಕಂಡಿತು. ಅಬ್ಬಾ, ಕೊನೆಗೂ ಮೈ ಇಳಿಯಿತಲ್ಲ ಎಂದು ಖುಷಿಪಟ್ಟ. ಟೈಲರ್ ಹೆಂಡತಿ ದೊಗಳೆ ಅಂಗಿ ಹಾಕಿಕೊಂಡು ಓಡಾಡಿದರೆ ಅಂಗಡಿಗೆ ಯಾರು ಬರುತ್ತಾರೆ? ಅಂದೇ ಮಧ್ಯಾಹ್ನ ಅಂಗಿಯನ್ನು ಒಂದು ಬೆರಳು ಹಿಡಿದ. ಬಿಡುವಾಗ ಹೇಳದವನು ಹಿಡಿಯುವಾಗ ಯಾಕೆ ಹೇಳಿಯಾನು?

ಕೆಲವು ತಿಂಗಳಿಗೆ ಮತ್ತೆ ಹಿಡಿದ. ಮತ್ತೊಮ್ಮೆ ಹಿಡಿದ. ಒಮ್ಮೆ ಅವಳು ಕೆಲಸದಿಂದ ಬಂದವಳೇ ನಗುತ್ತಾ, "ಏನೂಂದ್ರೆ, ಇವತ್ತು ಒಂದು ಚೋಟುದ್ದದ ಹುಡುಗಿ ನನ್ನ ಮಡಿಲಿಂದ ಎದ್ದು ಹೋದ್ಲು. ಅಜ್ಜಿ, ನಿನ್ನ ತೊಡೆ ಚುಚ್ಚುತ್ತೆ ಅಂದ್ಲು," ಎಂದಳು. ಮಾಸ್ಟರ್ ಕೂಡ ನಕ್ಕ. ಆ ವಾರ ಅವಳ ಲಂಗಗಳ ಸೊಂಟ ಹಿಡಿದ.

ಅವನ ಕೈ ತಾಗದ ಬಟ್ಟೆ ಮನೆಯಲ್ಲಿ ಒಂದೇ ಇತ್ತು, ಉಣ್ಣೆಯ ಕೋಟು. ಅವಳ ತಂಗಿ ಎಂದೋ ತಂದುಕೊಟ್ಟದ್ದು. ರೆಡಿಮೇಡ್ ಅಂದರೆ ಮಾಸ್ಟರ್ ಮೂಗು ಮುರಿಯುತ್ತಿದ್ದ, ಅದರ ಒಂದು ಗುಂಡಿಯನ್ನೂ ಮುಟ್ಟಿರಲಿಲ್ಲ. ಹೋದ ವರ್ಷ ಚಳಿ ತಡವಾಗಿ ಬಂತು. ತಂಗಿಯೂ ಆಗಲೇ ನೋಡಿಕೊಂಡು ಹೋಗಲು ಬಂದಿದ್ದಳು. ಅವಳೆದುರು ದಪ್ಪಕ್ಕ ಪೆಟ್ಟಿಗೆಯಿಂದ ಕೋಟು ತೆಗೆದು ಹಾಕಿಕೊಂಡಳು. ಅದರ ಹಿಂದಿನ ಚಳಿಗೆ ಹೊಟ್ಟೆಯ ಮೇಲೆ ಗುಂಡಿ ಹಾಕಲು ಏದುಸಿರು ಬಿಡಬೇಕಾಗಿತ್ತು. ಈಗ ಎರಡೂ ಮಗ್ಗುಲು ಒಂದನ್ನೊಂದು ದಾಟಿ ಬೆನ್ನಿನವರೆಗೆ ಹೋದವು. ಕೈಗಳು ತೋಳಿನೊಳಗೆಲ್ಲೋ ಉಳಿದುಬಿಟ್ಟವು.

"ಅಕ್ಕಾ!" ಎಂದು ತಂಗಿ ಚೀರಿದಳು. "ಏನಾಗಿದೀಯೇ ನೀನು? ಭಾವ, ನಿಮ್ಮ ಕಣ್ಣಿಗೆ ಕಾಣ್ಲಿಲ್ವಾ?"

ಹೊಟ್ಟೆಯಲ್ಲಿ ಗಡ್ಡೆ ಇತ್ತು. ಹಳೆಯದು. ಆಸ್ಪತ್ರೆಯ ಡಾಕ್ಟರು ಇನ್ನೂ ಎಳೆ ವಯಸ್ಸಿನ ಹೆಣ್ಣುಮಗಳು, ಬೈಯುವ ದನಿಯಲ್ಲಿ ಹೇಳಲಿಲ್ಲ, ಬೇಸರದಲ್ಲಿ ಹೇಳಿದಳು: "ತೂಕ ಇಳಿಯೋಕೆ ಶುರುವಾದಾಗ್ಲೇ ಬಂದಿದ್ರೆ ಏನಾದ್ರೂ ಮಾಡ್ಬಹುದಿತ್ತು. ಬಟ್ಟೆ ಸಡಿಲ ಆಗ್ತಿರೋದು ಗೊತ್ತಾಗ್ಲಿಲ್ವಾ ಅಮ್ಮ?"

"ಇಲ್ಲ ಡಾಕ್ಟ್ರೇ," ಎಂದಳು ದಪ್ಪಕ್ಕ. "ಎಲ್ಲಾ ಸರಿಯಾಗೇ ಹಿಡಿಸ್ತಿತ್ತು."

ಪಕ್ಕದಲ್ಲಿ ಕೂತಿದ್ದ ಮಾಸ್ಟರ್‌ ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ತನ್ನ ಬೆರಳುಗಳನ್ನು ನೋಡಿಕೊಂಡ. ಅವನ್ನು ಎಲ್ಲಿ ಅಡಗಿಸಿಡುವುದೆಂದು ತಿಳಿಯದೆ ತೊಡೆಯ ಕೆಳಗೆ ಸೇರಿಸಿದ. ಅವತ್ತಿನಿಂದ ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ಆದರೆ ಬಾಯಿಬಿಟ್ಟು ಹೆಂಡತಿಗೆ ಹೇಳುವ ಧೈರ್ಯವೂ ಬರಲಿಲ್ಲ.

ಔಷಧಿ, ಓಡಾಟ, ವಾಂತಿ, ಎಲ್ಲ ಆಯಿತು. ಕೊನೆಗೆ ಡಾಕ್ಟರು, "ಇನ್ನು ಮನೇಲೇ ಚೆನ್ನಾಗಿ ನೋಡ್ಕೊಳ್ಳಿ," ಎಂದು ಕಳಿಸಿದಳು. ಆ ಮಾತಿನ ಅರ್ಥ ಯಾರಿಗೆ ಗೊತ್ತಿಲ್ಲ? ದಪ್ಪಕ್ಕ ಮನೆಗೆ ಬಂದು ಎರಡು ದಿನ ಮಲಗಿದಳು, ಮೂರನೆಯ ದಿನ ಎದ್ದು ಕೂತು ಬೀರು ತೆಗೆಸಿದಳು. ತಂಗಿ ಈಗ ಇಲ್ಲೇ ಉಳಿದಿದ್ದಳು.

"ಎಲ್ಲಾ ಮಂಚದ ಮೇಲೆ ಹಾಕೇ. ಯಾರಿಗೆ ಏನು ಅಂತ ನಾನಿರೋವಾಗ್ಲೇ ಆಗ್ಬಿಡ್ಲಿ. ಆಮೇಲೆ ನಿಮ್ಮ ಭಾವ ಒಂದು ಕರ್ಚೀಫೂ ಹೊರಗೆ ಕೊಡಲ್ಲ."

"ಈಗೇನು ಅವಸರ?" ಎಂದ ಮಾಸ್ಟರ್ ಬಾಗಿಲಲ್ಲಿ ನಿಂತು. "ನಾಲ್ಕು ದಿನ ಹೊಟ್ಟೆ ತುಂಬ ಉಂಡ್ರೆ ಮೈ ವಾಪಸ್ ಬರುತ್ತೆ. ಆಗ ಏನು ಹಾಕ್ಕೋತೀಯ?"

"ಆಗ ಹೊಸದು ಹೊಲೀರಿ. ಟೈಲರ್ ಅಲ್ವಾ ನೀವು?"

ತಂಗಿ ಮುಖ ತಿರುಗಿಸಿ ಕಿಟಕಿಯ ಪರದೆ ಸರಿಮಾಡತೊಡಗಿದಳು. ಪರದೆ ಸರಿಯಾಗೇ ಇತ್ತು.

"ಬೀದಿ ತುದಿಯ ಬೇಕರಿಯವಳಿಗೆ ಕೊಡೋಣ," ಎಂದಳು ದಪ್ಪಕ್ಕ. "ನಾನು ಹೇಗಿದ್ನೋ ಅವಳು ಈಗ ಹಾಗಿದಾಳೆ. ಅಂಗಡೀಲಿ ಯಾವುದೂ ಹಿಡಿಸಲ್ಲ ಅಂತ ಪಾಪ ಅಳ್ತಿರ್ತಾಳೆ."

ಮಾಸ್ಟರ್‌ಗೆ ಅದು ಬೇಕಿರಲಿಲ್ಲ. ಬಟ್ಟೆ ಮನೆ ದಾಟಿದರೆ ಹೆಂಡತಿಯೂ ಹೋಗುತ್ತಾಳೆಂದು ಒಪ್ಪಿಕೊಂಡಂತೆ, ಅದೊಂದು. ಇನ್ನೊಂದು, ಬೇಕರಿಯವಳ ಮೈಗೆ ಅವು ಏರುವುದೇ ಇಲ್ಲ ಎಂಬುದು ಅವನೊಬ್ಬನಿಗೇ ಗೊತ್ತಿತ್ತು.

"ಬೇಡ ಬಿಡೇ. ಸಣ್ಣಗಿರೋರಿಗೆ ಯಾರಿಗಾದ್ರೂ..."

"ಸಣ್ಣಗಿರೋರು ನನ್ನ ಅಂಗೀಲಿ ಸಂಸಾರ ಹೂಡ್ಬಹುದು! ಹೋಗೇ, ಅವಳನ್ನ ಕರ್ಕೊಂಡ್ಬಾ."

ಬೇಕರಿಯವಳು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಓಡಿಬಂದಳು. ಬೇಡ ಬೇಡವೆನ್ನುತ್ತಲೇ ಕೈ ತೊಳೆದು, ನೀಲಿ ಅಂಗಿ ಎತ್ತಿಕೊಂಡು ಒಳಕೋಣೆಗೆ ಹೋದಳು. ಸ್ವಲ್ಪ ಹೊತ್ತು ಒಳಗಿಂದ ಉಸ್ಸು ಬುಸ್ಸು ಮಾತ್ರ ಕೇಳಿಸಿತು.

"ಅಕ್ಕಾ, ತಪ್ಪು ತಿಳ್ಕೋಬೇಡಿ, ಇದು ನಿಮ್ಮದೇನಾ? ನನ್ನ ತೋಳೇ ಒಳಗೆ ಹೋಗ್ತಿಲ್ಲ."

ತಂಗಿ ಹಸಿರು ಅಂಗಿ ಕೊಟ್ಟಳು. ಅದೂ ಆಗಲಿಲ್ಲ. ಲಂಗ ಕೊಟ್ಟಳು, ಸೊಂಟದವರೆಗೂ ಬರಲಿಲ್ಲ. ಬೇಕರಿಯವಳು ಬಟ್ಟೆಗಳನ್ನು ಎದೆಗವಚಿಕೊಂಡು ಹೊರಗೆ ಬಂದಾಗ ಮುಖ ಕೆಂಪಾಗಿತ್ತು. ಅಳು ತುಟಿಯವರೆಗೆ ಬಂದಿತ್ತು. "ದಪ್ಪಕ್ಕನ ಬಟ್ಟೇನೇ ಆಗ್ಲಿಲ್ಲ ಅಂದ್ರೆ ನಾನು ಇನ್ನೆಷ್ಟು ಊದ್ಕೊಂಡಿದೀನಿ ನೋಡಿ," ಎಂದಳು.

ದಪ್ಪಕ್ಕ ಕೈ ಚಾಚಿ ನೀಲಿ ಅಂಗಿಯನ್ನು ಇಸಿದುಕೊಂಡು ಒಳಮೈ ಹೊರಗೆ ಮಾಡಿದಳು. ಪಕ್ಕದಲ್ಲಿ ಒಂದರ ಪಕ್ಕ ಒಂದು ಹೊಲಿಗೆ ಇಳಿದಿತ್ತು. ಕೆಲವು ಬಿಚ್ಚಿದವು, ಸೂಜಿಯ ತೂತಷ್ಟೇ ಉಳಿದವು, ಕೆಲವು ಹೊಸವು. ಅವಳು ಬೆರಳಾಡಿಸುತ್ತಾ ಹೋದಳು, ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ.

"ನೀನು ಊದಿಲ್ಲ ಬಿಡೇ, ತಪ್ಪು ಅಂಗೀದು," ಎಂದಳು ಕೊನೆಗೆ. "ವಾರ ಬಿಟ್ಟು ಬಾ, ಮಾಸ್ಟ್ರು ಸರಿ ಮಾಡಿಟ್ಟಿರ್ತಾರೆ."

ತಂಗಿ ಅವಳನ್ನು ಕಳಿಸಿಬರಲು ಹೋದಳು. ಕೋಣೆಯಲ್ಲಿ ಇಬ್ಬರೇ ಉಳಿದರು. ಮಾಸ್ಟರ್ ಮಂಚದ ತುದಿಯಲ್ಲಿ ಕೂತ.

"ಡಾಕ್ಟ್ರು ಕೇಳಿದ್ರಲ್ಲ, ಗೊತ್ತಾಗ್ಲಿಲ್ವಾ ಅಂತ," ಎಂದ. "ಗೊತ್ತಾಗದ ಹಾಗೆ ಮಾಡಿದ್ದು ನಾನೇ ಕಣೇ. ಅಂಗಿ ಪ್ರತಿ ಸಲಾನೂ ಹೇಳೋಕೆ ಬಂತು. ಪ್ರತಿ ಸಲಾನೂ ನಾನೇ ಅದರ ಬಾಯಿ ಹೊಲಿದೆ. ಸುಮ್ನೆ ಬಿಟ್ಟಿದ್ರೆ ನೀನು..."

ಅತ್ತುಬಿಟ್ಟ. ಅವನು ಅಳುವುದನ್ನು ಅವಳು ನೋಡಿದ್ದೇ ಕಡಿಮೆ. ಅವನ ತಾಯಿ ಹೋದಾಗಲೂ ಗಿರಾಕಿಯ ಕೋಟು ಮುಗಿಸಿಯೇ ಅತ್ತಿದ್ದ.

"ನಂಗೊತ್ತಿತ್ತು," ಎಂದಳು ಅವಳು.

"ಏನು ಗೊತ್ತಿತ್ತು?"

"ಬಿಡ್ತಿದ್ದದ್ದೂ ಗೊತ್ತಿತ್ತು, ಹಿಡೀತಿದ್ದದ್ದೂ ಗೊತ್ತಿತ್ತು. ಟೈಲರ್ ಹೆಂಡ್ತಿ ಆಗಿ ಅಷ್ಟೂ ಗೊತ್ತಾಗಲ್ವಾ? ಹೊಸ ದಾರ ಸೊಂಟಕ್ಕೆ ಚುಚ್ಚುತ್ತೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅಳತೆ ನೋಡೋರೇ ಸುಮ್ಮನಿದಾರೆ ಅಂದ್ರೆ ಹೆದರೋ ಅಂಥದ್ದೇನೂ ಇರಲ್ಲ ಅಂದ್ಕೊಂಡೆ."

ಅದು ನಿಜವೋ, ಅವನ ಸಮಾಧಾನಕ್ಕೆ ಆ ಗಳಿಗೆಯಲ್ಲಿ ಹುಟ್ಟಿಸಿಕೊಂಡದ್ದೋ ಮಾಸ್ಟರ್‌ಗೆ ತಿಳಿಯಲಿಲ್ಲ. ನಿಜವಾಗಿದ್ದರೆ ಅವನ ತಪ್ಪು ಇನ್ನಷ್ಟು ದೊಡ್ಡದು. ಸುಳ್ಳಾಗಿದ್ದರೆ ಅವಳ ಋಣ ಇನ್ನಷ್ಟು ದೊಡ್ಡದು. ಕೇಳಿ ತಿಳಿದುಕೊಳ್ಳುವ ಧೈರ್ಯ ಅವನಿಗೆ ಇರಲಿಲ್ಲ.

"ಎಲ್ಲಾನೂ ಬಿಡಿ ಈಗ," ಎಂದಳು. "ಮೊದಲಿನ ಅಳತೆಗೇ ಬಿಡಿ. ಪೂರ್ತಿ."

ಆ ವಾರವೆಲ್ಲ ಅದೇ ಕೆಲಸ. ಅವಳ ಕುರ್ಚಿಯನ್ನು ಮಷೀನಿನ ಪಕ್ಕಕ್ಕೆ ಹಾಕಿದರು. ಅವನು ಬ್ಲೇಡಿನಿಂದ ಹೊಲಿಗೆ ಬಿಚ್ಚಿ ಕೊಡುತ್ತಿದ್ದ, ಅವಳು ತುಂಡು ದಾರಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ನಾಲ್ಕು ದಾರಕ್ಕೆ ಸುಸ್ತಾಗಿ ಕಣ್ಣು ಮುಚ್ಚುತ್ತಿದ್ದಳು, ಮತ್ತೆ ತೆರೆಯುತ್ತಿದ್ದಳು. ಒಂದೊಂದು ಅಂಗಿಯೂ ಅವನ ಕೈಯಲ್ಲಿ ಅಗಲವಾಗುತ್ತಾ ಹೋಯಿತು. ಒಳಗೆ ಮಡಚಿಕೊಂಡಿದ್ದ ಕಡೆ ಬಣ್ಣ ಮಾಸಿರಲಿಲ್ಲ, ಅಂಗಡಿಯಿಂದ ತಂದ ದಿನದಷ್ಟೇ ನೀಲಿ, ಅಷ್ಟೇ ಹಸಿರು.

"ಇದನ್ನ ಯಾವಾಗ ಬಿಟ್ರಿ?" ಎಂದು ಕೇಳುತ್ತಿದ್ದಳು ಸೂಜಿಯ ತೂತಿನ ಸಾಲು ತೋರಿಸಿ.

"ಅದು ನೀನು ನಿನ್ನ ತಂಗಿ ಮನೇಲಿ ತಿಂಗಳಿದ್ದು ಬಂದೆಯಲ್ಲ, ಆಗ."

"ಕೇಳಿದ್ಯೇನೇ? ತಿನ್ನಿಸಿ ಕಳಿಸಿದ್ದು ನೀನು, ಹೆಸರು ಕೆಟ್ಟದ್ದು ನಂದು!" ಎಂದು ತಂಗಿಯ ಕಡೆ ತಿರುಗುತ್ತಿದ್ದಳು.

ಮೂವರೂ ನಗುತ್ತಿದ್ದರು, ಆಮೇಲೆ ಮತ್ತೆ ದಾರಕ್ಕೆ ತಲೆ ಬಗ್ಗಿಸುತ್ತಿದ್ದರು.

ಹೇಳಿದ ದಿನ ಬೇಕರಿಯವಳು ಬಂದಳು. ನೀಲಿ ಅಂಗಿ ಅವಳಿಗೆ ಹೊಲಿಸಿದಂತೆ ಕೂತಿತು. ಕನ್ನಡಿಯ ಮುಂದೆ ಎರಡು ಸುತ್ತು ತಿರುಗಿ, ದಪ್ಪಕ್ಕನ ಕೈ ಒತ್ತಿ, ಬಟ್ಟೆಯ ಗಂಟು ಎತ್ತಿಕೊಂಡು ಹೊರಟಳು. ಬಾಗಿಲಿಗೆ ಬಂದ ಮಾಸ್ಟರ್ ಬೀದಿಯಲ್ಲಿ ಹೋಗುತ್ತಿದ್ದ ಆ ಅಗಲ ಬೆನ್ನನ್ನು, ನೀಲಿ ಬಟ್ಟೆಯನ್ನು, ಆ ನಿಧಾನದ ನಡಿಗೆಯನ್ನು ನೋಡಿದ. ಒಂದು ಗಳಿಗೆ, ತನ್ನ ಹೆಂಡತಿಯೇ ಶಿಶುವಿಹಾರಕ್ಕೆ ಹೊರಟಂತೆ ಕಂಡಿತು. ಇನ್ನೇನು ಕೂಗಿಬಿಡುತ್ತಿದ್ದ. ಬಾಗಿಲ ಚೌಕಟ್ಟನ್ನು ಹಿಡಿದು ನಿಂತ.

ಒಳಗೆ ಬಂದಾಗ ಬೀರು ಖಾಲಿ. ಉಳಿದದ್ದು ಅವಳ ಮೈಮೇಲಿದ್ದ ಬೂದು ಬಣ್ಣದ ಅಂಗಿ ಒಂದೇ. ಅದು ಎಲ್ಲಕ್ಕಿಂತ ಹೆಚ್ಚು ಸಲ ಹಿಡಿದದ್ದು, ಈಗ ಮತ್ತೆ ಸಡಿಲವಾಗಿತ್ತು. ಅವನ ಬೆರಳುಗಳು ತಾವಾಗಿಯೇ ಅವಳ ಪಕ್ಕದ ಹೊಲಿಗೆಯನ್ನು ಚಿವುಟಿ ಎಷ್ಟಿದೆಯೆಂದು ನೋಡಿದವು.

ಅವಳು ಆ ಕೈಯ ಮೇಲೆ ಕೈ ಇಟ್ಟಳು. "ಇದನ್ನೂ ಬಿಡಿ."

"ಇದು ನೀನು ಹಾಕ್ಕೊಂಡಿರೋದು ಕಣೇ. ಬಿಟ್ರೆ ಜೋತು ಬೀಳುತ್ತೆ. ನೋಡೋಕಾಗಲ್ಲ."

"ನೋಡಿ. ನಾನೆಷ್ಟು ಉಳಿದಿದೀನಿ ಅಂತ ನೋಡಿ. ಸಾಕು ರೀ, ಹಿಡಿದದ್ದು."

ತಂಗಿ ಅವಳಿಗೆ ಶಾಲು ಹೊದಿಸಿ ಅಂಗಿ ಕಳಚಿಕೊಟ್ಟಳು. ಮಾಸ್ಟರ್ ಮಷೀನಿಗೆ ಕೂತು ಒಂದೊಂದೇ ಹೊಲಿಗೆ ಬಿಚ್ಚಿದ. ಅವಸರ ಮಾಡಲಿಲ್ಲ. ಮದುವೆಯ ವರ್ಷದಿಂದ ಅವಳು ಬೆಳೆದಷ್ಟೂ ಬಿಟ್ಟ, ಕೊನೆಯ ಬೆರಳಗಲದವರೆಗೆ ಬಿಟ್ಟು, ಅಂಚು ಕಟ್ಟಿ, ಇಸ್ತ್ರಿ ತಿಕ್ಕಿ ತಂದ. ತಾನೇ ಅವಳ ತಲೆಯ ಮೇಲಿಂದ ಅದನ್ನು ಇಳಿಸಿದ.

ಅಂಗಿ ಇಳಿಯಿತು, ಎಲ್ಲೂ ಅವಳನ್ನು ಮುಟ್ಟದೆ ಇಳಿಯಿತು. ಕುತ್ತಿಗೆಯ ಮೂಳೆ, ಕಡ್ಡಿಯಂಥ ಕೈ, ಆ ರಾಶಿ ಬಟ್ಟೆಯ ನಡುವೆ ಚಿಕ್ಕ ಮುಖ. ಎರಡು ವರ್ಷದಿಂದ ತಾನು ಬೆರಳು ಬೆರಳಾಗಿ ಮುಚ್ಚಿಟ್ಟದ್ದನ್ನು ಮಾಸ್ಟರ್ ಒಟ್ಟಿಗೇ ನೋಡಿದ. ಬೇರೆ ಕಡೆ ನೋಡಬೇಕೆನಿಸಿತು. ನೋಡಲಿಲ್ಲ. ಮೊಣಕಾಲೂರಿ ಅವಳನ್ನು ತಬ್ಬಿಕೊಂಡ. ಕೈಗೆ ಮೊದಲು ಬರೀ ಬಟ್ಟೆಯೇ ಸಿಕ್ಕಿತು, ಹುಡುಕಿದ ಮೇಲೆ ಅವಳು ಸಿಕ್ಕಳು.

"ಹಾಯಾಗಿದೆ," ಎಂದಳು ಅವಳು ಅವನ ತಲೆ ಸವರುತ್ತಾ. "ಬೆನ್ನಿಗೆ ಗಾಳಿ ಆಡುತ್ತೆ."