ಮೆಣಸಿನಕಾಯಿಗೆ ಮುಟ್ಟಿದ ಭಂಡಾರ

ನೀರಿನ ಟಾಕಿಯ ಹಿಂದಿನ ಜಾಗದಲ್ಲಿ ಮೊದಲು ಬರೀ ಜಾಲಿ. ಟಾಕಿ ತುಂಬಿ ಚೆಲ್ಲಿದ ನೀರು ಅಲ್ಲೇ ನಿಲ್ಲುತ್ತಿತ್ತು, ಅದರಲ್ಲಿ ಹಂದಿಗಳು ಹೊರಳಾಡುತ್ತಿದ್ದವು. ನಮ್ಮ ಸಂಘದ ಹೆಂಗಸರೇ ಜಾಲಿ ಕಡಿದು, ನೆಲ ಅಗೆದು, ಮನೆಗೊಂದು ಮಡಿ ಅಂತ ಹಂಚಿಕೊಂಡೆವು. ಬದನೆ ಹಾಕಿದೆವು, ಹುಳ ಬಿತ್ತು. ಮೆಂತೆ ಹಾಕಿದೆವು, ಕೋಳಿ ಕೆದರಿದವು. ಕಡೆಗೆ ಎಲ್ಲರೂ ಮೆಣಸಿನಕಾಯಿ ಹಚ್ಚಿದೆವು. ಜವಾರಿ ಕಾಯಿ. ನೋಡಲು ಗಿಡ್ಡ, ಖಾರ ಅಂದರೆ ಖಾರ. ಅದನ್ನು ಹರಿದ ಕೈ ಸಂಜೆತನಕ ಉರಿಯುತ್ತದೆ. ಮಡಿಲಲ್ಲಿ ಕೂಸಿದ್ದ ತಾಯಂದಿರು ಕೈಗೆ ಮಜ್ಜಿಗೆ ತಿಕ್ಕಿ ತೊಳೆದ ಮೇಲೇ ಕೂಸನ್ನು ಎತ್ತಿಕೊಳ್ಳುತ್ತಾರೆ.

ಆ ತೋಟಕ್ಕೆ ಬೇಲಿ ಇರಲಿಲ್ಲ. ಒಬ್ಬರ ಮಡಿಗೆ ಇನ್ನೊಬ್ಬರು ಕೈ ಹಾಕಬಾರದು ಅಂತ ಆಡಿದ ಮಾತೇ ಬೇಲಿ. ನನ್ನ ಮಡಿ ತುದಿಗೆ. ನನ್ನ ಪಕ್ಕ ಸುನೀತಾಳದು, ಅವಳ ಆಚೆ ಇಂದ್ರಾಬಾಯಿಯದು.

ಸುನೀತಾ ಕುರಿಯವರ ಸಂಗುವಿನ ಹೆಂಡತಿ. ದೀಪಾವಳಿ ಆದ ಮೇಲೆ ಸಂಗು ತಂದೆತಾಯಿ ಸಮೇತ ಕುರಿ ಹೊಡೆದುಕೊಂಡು ಕೃಷ್ಣೆಯ ಆಚೆ ಮೇಯಿಸಲು ಹೋಗಿದ್ದ. ಮಗ ಮಾಳು ಇನ್ನೂ ತೊದಲು ಮಾತಿನವನು. ಅಂಥ ಕೂಸನ್ನು ಕಟ್ಟಿಕೊಂಡು ಅಡವಿ ತಿರುಗುವುದು ಬೇಡ ಅಂತ ಇವಳನ್ನು ಊರಲ್ಲೇ ಬಿಟ್ಟಿದ್ದರು. ಮಾಳು ನನ್ನ ಮಡಿಯ ಬದುವಿನ ಮೇಲೆ ಕೂತು ಬಸ್ಸಿನ ಹಾರ್ನ್ ಕೇಳಿದರೆ ಸಾಕು, "ಪಾಂಪಾಂ ಬಂತು" ಅಂತ ಚಪ್ಪಾಳೆ ತಟ್ಟುತ್ತಿದ್ದ.

ಇಂದ್ರಾಬಾಯಿ ಬಸುರಿ ಮಗಳ ಕುಬಸಕ್ಕೆ ಖಾರ ಕುಟ್ಟಿಸಬೇಕು ಅಂತ ಕಾಯಿಯನ್ನು ಗಿಡದಲ್ಲೇ ಕೆಂಪಾಗಲು ಬಿಟ್ಟಿದ್ದಳು. ಒಂದು ಮುಂಜಾನೆ ಹೋಗಿ ನೋಡಿದರೆ ಮಡಿ ಬೋಳು. ಹಸಿರು ಕಾಯಿ ಮಾತ್ರ ಉಳಿದಿದ್ದವು. ಅವಳ ಬೈಗುಳಕ್ಕೆ ನಾವೆಲ್ಲ ಓಡಿಹೋದೆವು. ಸುನೀತಾ ಬಂದಳು, ಅಂಗೈ ತುಂಬ ಮಜ್ಜಿಗೆ ಬಳಿದುಕೊಂಡು.

"ಏ ಸುನೀತಾ, ಮುಂಜಾನೆದ್ದು ಕೈಗೆ ಮಜ್ಜಗಿ ಯಾಕ ಹಚ್ಚೀದಿ?"

"ಉರ್ಯಾಕತ್ತಾವ್ರಿ ಅತ್ತಿ."

"ಉರೀಲಾರದ ಏನ್ಮಾಡ್ಯಾವ? ನನ್ನ ಮಡಿ ಬೋಳಿಸಿದ ಕೈ ತಂಪ ಇರತಾವೇನ?"

ಸುನೀತಾಳಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ಅವಳ ಮುಖ ಇಳಿದುಹೋಯಿತು. "ನಿನ್ನಿ ದಿನಪೂರ್ತಿ ಸಿಂದಗ್ಯಾಗ ಜೈನುದ್ದೀನ ಸಾವಕಾರ್ರ ಅಂಗಡ್ಯಾಗ ಮೆಣಸಿನಕಾಯಿ ತೊಟ್ಟು ಬಿಡಿಸೇನ್ರಿ. ಬೇಕಾದ್ರ ಅವರನ್ನ ಕೇಳ್ರಿ."

"ಹೋಗಿ ಕೇಳಿದ್ರಾತು. ಬಸ್ಸ ನಮಗ ಪುಕ್ಕಟ ಐತಿ" ಅಂದೆ ನಾನು.

"ಬಸ್ಸ ಪುಕ್ಕಟ, ಸಾವಕಾರನ ಮಾತೂ ಪುಕ್ಕಟ. ತನ್ನ ಕೂಲಿಯಾಕಿ ಪರವಾಗಿ ಅಂವ ಹೂಂ ಅನ್ನಲಾರದ ಇರ್ತಾನೇನ? ಅದೆಲ್ಲ ಬ್ಯಾಡ. ಭಂಡಾರ ಮುಟ್ಲಿ."

ಭಂಡಾರ ಅಂದರೆ ಬೀರಪ್ಪನ ಗುಡಿಯ ಅರಿಶಿನ. ಅದನ್ನು ಹಿಡಿದು ಸುಳ್ಳು ಹೇಳಿದವರ ಮನೆಗೆ ಮುಂದಿನ ಅಮಾವಾಸ್ಯೆಯೊಳಗೆ ಕೇಡು ತಟ್ಟುತ್ತದೆ ಅಂತ ಕುರಿಯವರ ನಂಬಿಕೆ. ತಟ್ಟದಿದ್ದರೆ ಮುಟ್ಟಿದವರು ಶುದ್ಧ, ಆಮೇಲೆ ಆ ಮಾತು ಯಾರೂ ಎತ್ತುವಂತಿಲ್ಲ. ಸುನೀತಾ ಹಿಂದುಮುಂದು ನೋಡಲಿಲ್ಲ. ಕೂಸನ್ನು ಬಗಲಿಗೆ ಏರಿಸಿ, "ನಡೀರಿ, ಈಗs ಮುಟ್ತೇನಿ" ಅಂದಳು. ಅವಳಿಗೂ ಸಿಂದಗಿಗಿಂತ ಗುಡಿ ಹತ್ತಿರವಿತ್ತು.

ಗುಡಿಯ ಪೂಜಾರಿ ಸೋಮನಿಂಗಪ್ಪ ತೋಟದಲ್ಲಿ ಮಡಿಯಿದ್ದವರೆಲ್ಲ ಮುಟ್ಟಬೇಕು ಅಂದ. ಒಬ್ಬೊಬ್ಬರೇ ಮುಟ್ಟಿದರು. ನನ್ನ ಪಾಳಿ ಬಂದಾಗ ಇಂದ್ರಾಬಾಯಿ ನಕ್ಕಳು. "ಸೀತವ್ವನ್ನ ಬಿಡ್ರಿ. ಬುದ್ಧನ ಮುಂದ ಮೇಣಬತ್ತಿ ಹಚ್ಚೋರನ್ನ ನಮ್ಮ ಬೀರಪ್ಪ ಏನ್ಮಾಡ್ಯಾನ?"

"ಹಂಗಾರ ಕದ್ದಾಕಿ ನಾನs ಇದ್ರ?" ಅಂದೆ.

"ನಿನಗ ಕಡ್ಯಾಕ ಹಲ್ಲ ಎಲ್ಲಿ ಅದಾವ, ಕದ್ದು ಏನ್ಮಾಡ್ತಿ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಕಡೆಗೆ ಸುನೀತಾ ಹಿಡಿ ತುಂಬ ಭಂಡಾರ ತೆಗೆದುಕೊಂಡು, "ನಾ ಹರಿದಿದ್ರ ನನ್ನ ಮನಿ ಹಾಳಾಗಲಿ" ಅಂದಳು. ಮಾಳುವಿನ ಹಣೆಗೂ ಹಚ್ಚಿದಳು. ಮನೆಗೆ ಹೋಗುವಾಗ ಇಂದ್ರಾಬಾಯಿಯೇ ಅವಳ ಕೂಸನ್ನು ಎತ್ತಿಕೊಂಡಿದ್ದಳು.

ಅಮಾವಾಸ್ಯೆ ಹತ್ತಿರ ಬಂದಂತೆ ಸುನೀತಾ ತೋಟಕ್ಕೆ ಬರುವುದು ನಿಂತಿತು. ಅವಳ ಗಿಡ ಬಾಡುತ್ತಿದ್ದವು, ನಾನೇ ನೀರು ಹಾಕಿದೆ. ಯಾಕೆ ಬರಲಿಲ್ಲ ಅಂತ ಮನೆಗೆ ಹೋದರೆ ಬಾಗಿಲು ಅರ್ಧ ತೆರೆದು ಅಡ್ಡ ನಿಂತಳು. "ಕೂಸು ಮಲಗೇತ್ರಿ ಆಯಿ." ಮರುದಿನ ಹೋದೆ, ಆಗಲೂ ಕೂಸು ಮಲಗಿತ್ತು. ಮನೆಮನೆ ತಿರುಗುವ ಆಶಾ ಕಾರ್ಯಕರ್ತೆ ಭಾಗ್ಯಜ್ಯೋತಿ ದಾರಿಯಲ್ಲಿ ಸಿಕ್ಕು, "ಸುನೀತಾನ ಕೂಸು ಅಜ್ಜಿ ಊರಿಗೆ ಹೋಗೇತಂತ, ಯಾವಾಗ ಬರ್ತೈತ್ರಿ ಆಯಿ?" ಅಂತ ಕೇಳಿದಳು.

ನಾನು ಹಿಂದಿರುಗಿ ಹೋಗಿ ಬಾಗಿಲು ದೂಡಿದೆ.

ಮಾಳು ಕೌದಿಯ ಮೇಲೆ ಮಲಗಿದ್ದ. ತಲೆ ಹಿಂದಕ್ಕೆ ಬಾಗಿ ಕುತ್ತಿಗೆ ಕಟ್ಟಿಗೆಯಂತಾಗಿತ್ತು. ಮೈ ಮುಟ್ಟಿದರೆ ಕಾದ ಹಂಚು. ಕಣ್ಣು ತೆರೆದಿದ್ದವು, ಆದರೆ ಯಾರನ್ನೂ ನೋಡುತ್ತಿರಲಿಲ್ಲ.

"ಎಷ್ಟ ದಿನಾ ಆತು ಇದಕ್ಕ?"

ಅವಳು ನನ್ನ ಕಾಲು ಹಿಡಿದುಕೊಂಡಳು. "ಆಯಿ, ನಾಳಿ ಅಮಾಸಿ. ನಾಳಿ ಒಂದಿನ ತಡೀರಿ. ಈಗ ದವಾಖಾನಿಗೆ ಎತ್ಕೊಂಡು ಹೊಂಟ್ರ ಓಣಿ ಮಂದಿ ನೋಡ್ತಾರ. ಭಂಡಾರ ಹಿಡೀತು ಅಂತಾರ. ನಾ ಹರದಿಲ್ರಿ ಆಯಿ, ನಾ ಹರದಿಲ್ಲ. ಹರಿಲಾರದ ಬಂದ ಜ್ವರಾ ತಾನs ಇಳೀತೈತಿ."

"ಕೂಸು ಸಾಯಾಕತ್ತೇತಿ ಹುಚ್ಚಿ!"

"ನಾ ಹರದಿಲ್ಲಲ್ಲ, ಹೆಂಗ ಸಾಯ್ತೈತಿ?"

ಬೀರಪ್ಪನ ಮೇಲೆ ಅವಳಿಗೆ ಅಷ್ಟು ನಂಬಿಕೆ. ತಾನು ತಪ್ಪು ಮಾಡಿಲ್ಲ, ಆದ್ದರಿಂದ ಕೂಸಿಗೆ ಏನೂ ಆಗುವುದಿಲ್ಲ. ಆ ನಂಬಿಕೆಯಲ್ಲೇ ಒದ್ದೆ ಬಟ್ಟೆ ಹಾಕುತ್ತ, ಬಾಗಿಲು ಮುಚ್ಚಿಕೊಂಡು ಕೂತಿದ್ದಳು. ನಾನು ಓಣಿಗೆ ಬಂದು ಬಾಯಿ ಮಾಡಿದೆ. ಟೆಂಪೊ ಹೊಡೆಯುವ ಅಕ್ರಮ ಊಟ ಬಿಟ್ಟು ಎದ್ದು ಬಂದ. ಕೂಸನ್ನು ನಾನೇ ಎತ್ತಿಕೊಂಡೆ. ಸುನೀತಾ ತಲೆಯ ಮೇಲಿನ ಸೆರಗನ್ನು ಗದ್ದದತನಕ ಎಳೆದುಕೊಂಡು ಟೆಂಪೊ ಹತ್ತಿದಳು. ಕಟ್ಟೆಯ ಮೇಲೆ ಕೂತವರು ಎದ್ದು ನಿಂತರು. ಅವಳು ಅಂಜಿದ ಮಾತನ್ನು ಯಾರೋ ಅಂದೂಬಿಟ್ಟರು.

ಸಿಂದಗಿಯಿಂದ ವಿಜಯಪುರಕ್ಕೆ ಕಳಿಸಿದರು. ಮಿದುಳಿನ ಜ್ವರ ಅಂದರು. ಇಷ್ಟು ತಡ ಯಾಕೆ ಮಾಡಿದಿರಿ ಅಂತ ಡಾಕ್ಟರು ಬೈದರು. ಮಾಳು ಬದುಕಿದ. ಗಂಜಿ ಕುಡಿದ, ಎದ್ದು ಕೂತ. ಆದರೆ ಪಕ್ಕದಲ್ಲಿ ತಟ್ಟೆ ಬಿದ್ದು ಠಣ್ ಅಂದರೂ ಅವನು ಅತ್ತ ತಿರುಗುವುದಿಲ್ಲ ಅನ್ನುವುದನ್ನು ಮೊದಲು ನೋಡಿದವಳು ನಾನು. ನಾನು ಹೇಳಲಿಲ್ಲ. ಎರಡೂ ಕಿವಿ ಹೋಗಿವೆ ಅಂತ ಪರೀಕ್ಷೆ ಮಾಡಿ ಅವರೇ ಹೇಳಿದರು. ಮಷೀನು ಹಾಕಿಸುವ ದೊಡ್ಡ ದವಾಖಾನೆಗೆ ಬರೆದುಕೊಟ್ಟರು. ಸುನೀತಾ ಫೋನಿನಲ್ಲಿ ಗಂಡನಿಗೆ ತಿಳಿಸಿದಳು. ಆ ಕಡೆಯಿಂದ ಸಂಗು, "ನನಗರೆ ಖರೇ ಹೇಳು, ಹರಿದೀಯೇನು?" ಅಂದದ್ದು ನನಗೂ ಕೇಳಿಸಿತು.

ನಾನು ಊರಿಗೆ ಬಂದು ನೋಡಿದರೆ ನನ್ನ ಮಡಿಯ ಕೆಂಪು ಕಾಯಿ ಒಂದೂ ಇರಲಿಲ್ಲ. ಇಂದ್ರಾಬಾಯಿಯ ಗಿಡದಲ್ಲಿ ಉಳಿದು ಕೆಂಪಾದವೂ ಇರಲಿಲ್ಲ. ನನಗೆ ಸಿಟ್ಟು ಬರಲಿಲ್ಲ, ಒಂಥರ ಸಂತೋಷವೇ ಆಯಿತು. ಅವಳ ಮನೆಗೆ ನಡೆದೆ.

"ಇಂದ್ರವ್ವಾ, ಸುನೀತಾ ವಿಜಯಪುರದಾಗ ಅದಾಳ. ಹಂಗಾರ ಈಗ ಹರಿದವರು ಯಾರು?"

ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿದಳು. "ಇವರು ಬ್ಯಾರೆ ಕಳ್ಳರು."

"ಸಿಂದಗಿ ಮ್ಯಾಲs ಬಂದೇನಿ. ಜೈನುದ್ದೀನ ಸಾವಕಾರ್ರನ್ನ ಕೇಳಿದೆ. ಆಕಿ ಅವತ್ತ ಸಂಜಿತನಕ ತೊಟ್ಟು ಬಿಡಿಸಿದ್ದು ಖರೇ ಐತಿ. ಅಂಗಡ್ಯಾಗೂ ಕೈ ಉರಿ ಅಂತ ಅಳ್ತಿದ್ಲಂತ."

"ಇರಬಹುದು. ನೀ ಕಲ್ತಾಕಿ ಸೀತವ್ವ, ನಿನ್ನ ಸಂಗಾಟ ವಾದಾ ಮಾಡಾಕ ನನಗ ಬರಂಗಿಲ್ಲ. ಒಂದs ಮಾತು ಹೇಳು. ಮಾಳ್ಯಾನ ಕಿವಿ ಹೋಗ್ಯಾವಿಲ್ಲೋ?"

"ಹೋಗ್ಯಾವ. ಆದ್ರ—"

"ಅಮಾಸಿ ಒಳಗs ಹೋಗ್ಯಾವಿಲ್ಲೋ?"

ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅದು ಹೊಗೆಗೆ ಅಲ್ಲ. ಆ ಕೂಸನ್ನು ಅವಳೂ ಎತ್ತಿ ಆಡಿಸಿದವಳೇ.

ಸುನೀತಾ ಬಂದ ದಿನ ಯಾರೂ ಅವಳ ಬಾಗಿಲಿಗೆ ಹೋಗಲಿಲ್ಲ. ಸಂಜೆ ಅವಳೇ ಕೂಸನ್ನು ಕಟ್ಟಿಕೊಂಡು ನನ್ನ ಮನೆಗೆ ಬಂದಳು. ಕಾಯಿ ಮತ್ತೆ ಕಳುವಾದದ್ದು ಅವಳಿಗೂ ತಿಳಿದಿತ್ತು. ಅದರಿಂದ ಅವಳಿಗೇನೂ ಅನಿಸಿದಂತೆ ಕಾಣಲಿಲ್ಲ.

"ಆಯಿ, ನಾ ಒಪ್ಕೊಂಡ ಬಿಡ್ತೇನಿ."

"ಏನಂತ?"

"ನಾನs ಹರಿದೆ ಅಂತ. ಸೋಮನಿಂಗಪ್ಪಾರ್ನ ಕೇಳೇನಿ. ತಪ್ಪು ಒಪ್ಕೊಂಡು, ಕಾಣಿಕಿ ಕೊಟ್ಟು, ಭಂಡಾರ ಹಚ್ಕೊಂಡ್ರ ದೇವರು ಕೊಟ್ಟ ಶಿಕ್ಷಾ ವಾಪಸ್ ತಗೋತಾನಂತ."

"ಕದ್ದಿಲ್ಲ ಅಂತ ನಿನಗs ಗೊತ್ತೈತಿ. ಕದಿಲಾರದ್ದು ಕದ್ದೇನಿ ಅಂದ್ರ ಅದs ಸುಳ್ಳಲ್ಲೇನವಾ? ಭಂಡಾರ ಹಿಡದು ಸುಳ್ಳ ಹೇಳ್ತೀ?"

ಅವಳು ಕೂಸಿನ ಕಿವಿಯನ್ನು ಬೆರಳಿನಿಂದ ಸವರುತ್ತಿದ್ದಳು.

"ಖರೇ ಹೇಳಿ ನೋಡಿದೆ ಆಯಿ. ಖರೇ ಹೇಳಿದ್ದಕ್ಕ ಹಿಂಗಾತು. ಈಗ ಸುಳ್ಳ ಹೇಳಿ ನೋಡ್ತೇನಿ."

"ಆ ದೊಡ್ಡ ದವಾಖಾನಿಗೆ ಹೋಗೂಣು. ನಾ ಬರ್ತೇನಿ ನಿನ್ನ ಸಂಗಾಟ."

"ಅಲ್ಲಿಗೂ ಹೋಗ್ತೇನಿ. ಎಲ್ಲಿಗೆ ಅಂದ್ರ ಅಲ್ಲಿಗೆ ಹೋಗ್ತೇನಿ. ಮೊದಲು ಇದೊಂದು ಆಗಲಿ."

ನನಗೆ ಅಕ್ಷರ ಬಂದದ್ದು ತಲೆ ನರೆತ ಮೇಲೆ, ರಾತ್ರಿ ಸಾಲಿಯಲ್ಲಿ. ಓದು ಬಂದರೆ ಇನ್ನೊಬ್ಬರಿಗೆ ತಿಳಿಸಿ ಹೇಳಬಹುದು ಅಂದುಕೊಂಡಿದ್ದೆ. ಆದರೆ ಅವಳ ಜೊತೆ ಗುಡಿಗೆ ಹೋದೆ, ಅಷ್ಟೇ.

ಸೋಮವಾರ ಗುಡಿಯ ಮುಂದೆ ಹೆಂಗಸರೆಲ್ಲ ಸೇರಿದ್ದರು. ಸುನೀತಾ ಮಿಂದು, ಒದ್ದೆ ಸೀರೆಯಲ್ಲೇ ಬಂದು ಅಡ್ಡಬಿದ್ದಳು. "ಇಂದ್ರಾಬಾಯಿ ಅತ್ತಿ ಮಡ್ಯಾಗಿನ ಕಾಯಿ ನಾನs ಹರಿದೆ" ಅಂದಳು. ಎಷ್ಟು ಹರಿದೆ, ಎಲ್ಲಿ ಇಟ್ಟೆ ಅಂತ ಯಾರೋ ಕೇಳಿದರು. ಅದಕ್ಕೂ ಉತ್ತರ ಕಟ್ಟಿಕೊಂಡೇ ಬಂದಿದ್ದಳು. ಚೀಲದಲ್ಲಿ ತುಂಬಿ ಸಿಂದಗಿಗೆ ಒಯ್ದು ಮಾರಿದೆ ಅಂದಳು.

ಅಲ್ಲಿ ಕೂತವರಲ್ಲಿ ನಿಜವಾಗಿ ಹರಿದವರೂ ಇದ್ದರೋ ಏನೋ. ನಾನು ಒಬ್ಬೊಬ್ಬರ ಮುಖ ನೋಡಿದೆ. ಎಲ್ಲರ ಮುಖದಲ್ಲೂ ಹೊರೆ ಇಳಿದಂತಿತ್ತು.

ಇಂದ್ರಾಬಾಯಿ ಎದ್ದು ಬಂದು ಅವಳನ್ನು ಎಬ್ಬಿಸಿ ತಬ್ಬಿಕೊಂಡಳು. "ಹಸಿವಿದ್ರ ಕೇಳಿದ್ರ ನಾನs ಕೊಡ್ತಿದ್ದೆನಲ್ಲ ಯವ್ವಾ" ಅಂತ ಅತ್ತಳು. ಸೋಮನಿಂಗಪ್ಪ ತಾಯಿಗೂ ಕೂಸಿಗೂ ಭಂಡಾರ ಹಚ್ಚಿ, ಗರ್ಭಗುಡಿಯ ಗಂಟೆ ಬಾರಿಸಿದ.

ಆಗ ಎಲ್ಲರೂ ಮಾಳುವನ್ನು ನೋಡಿದರು. ಅವನು ನೆಲಕ್ಕೆ ಉದುರಿದ ಅರಿಶಿನವನ್ನು ಬೆರಳಿಗೆ ಹಚ್ಚಿಕೊಂಡು ಕಲ್ಲಿನ ಮೇಲೆ ಗೆರೆ ಎಳೆಯುತ್ತಿದ್ದ. ಗೆರೆ ನೆಟ್ಟಗೆ ಬರಲಿಲ್ಲ ಅಂತ ಅಳಿಸಿ ಇನ್ನೊಂದು ಎಳೆದ.

"ಇನ್ನೊಮ್ಮೆ ಬಾರಸ್ರಿ ಅಪ್ಪಾರ" ಅಂದಳು ಸುನೀತಾ.

ಸೋಮನಿಂಗಪ್ಪ ಜೋರಾಗಿ ಬಾರಿಸಿದ. ಗೋಪುರದ ಮೇಲಿನ ಪಾರಿವಾಳ ಹಾರಿದವು, ಓಣಿಯ ನಾಯಿಗಳು ಬೊಗಳಿದವು. ಮಾಳು ತಲೆ ಎತ್ತಲಿಲ್ಲ.

"ಇನ್ನೊಮ್ಮೆ."

ಇಂದ್ರಾಬಾಯಿ ಅವಳ ತೋಳು ಹಿಡಿದಳು. "ಸಾಕ ಬಿಡ ಯವ್ವಾ. ದೇವರಿಗೆ ಕೇಳೇತಿ."

ಸುನೀತಾ ತೋಳು ಕೊಸರಿಕೊಂಡಳು. ಕಣ್ಣು ಕೂಸಿನ ಮೇಲೇ ಇದ್ದವು.

"ದೇವರಿಗೆ ಕೇಳಿದ್ರ ನನಗೇನ್ರಿ ಅತ್ತಿ? ಬಾರಸ್ರಿ."